ಇಲ್ಲದ ಕಡತಕ್ಕೆ ದಿನಾಲೂ ಹುಡುಕಾಟ

ಕಂಪ್ಯೂಟರ್ ಆರಂಭವಾಗುವಾಗ ಪರದೆಯ ಮೇಲೆ ಮೂಡುವ ದೋಷಸೂಚನೆಗಳಿಗೂ ಒಂದೊಂದು ಸ್ವಭಾವವಿರುತ್ತದೆ. ಕೆಲವು ತೀರಾ ಸಾಧು. ಮದರ್‌ಬೋರ್ಡಿನ ಮೇಲಿರುವ 3 ವೋಲ್ಟಿನ ಸಿಆರ್2032 ಎಂಬ ಬಿಲ್ಲೆಯಾಕಾರದ ಬ್ಯಾಟರಿ ಬರಿದಾದಾಗ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗಿ, ದಿನಾಂಕ ಸರಿಯಿಲ್ಲವೆಂಬ ಸೂಚನೆ ಬರುತ್ತದೆ; ಬ್ಯಾಟರಿ ಬದಲಿಸಿ ದಿನಾಂಕ ಸರಿಪಡಿಸಿದರೆ ಅದು ಮರುಮಾತಿಲ್ಲದೆ ಹೊರಟುಹೋಗುತ್ತದೆ. ಇನ್ನು ಕೆಲವಕ್ಕೆ ತಮಗೇ ಗೊತ್ತಿಲ್ಲದ ಹಾಸ್ಯಪ್ರಜ್ಞೆ. ‘ಕೀಬೋರ್ಡ್ ಕಾಣುತ್ತಿಲ್ಲ, ಮುಂದುವರಿಯಲು ಎಫ್1 ಒತ್ತಿರಿ’ ಎಂಬ ಹಳೆಯ ಕಂಪ್ಯೂಟರುಗಳ ಸೂಚನೆಯನ್ನು ಬರೆದ ಮಹಾನುಭಾವನನ್ನು ನೋಡುವ ಆಸೆ ನನಗೆ ಇಂದಿಗೂ ಇದೆ. ನನಗೆ ಗಂಟುಬಿದ್ದದ್ದು ಈ ಎರಡೂ ಬಗೆಗೆ ಸೇರದ, ಹಟಮಾರಿ ಜಾತಿಯದು.

ಲಾಗಿನ್ ಆಗಿ, ಡೆಸ್ಕ್‌ಟಾಪಿನ ಚಿತ್ರ ಮೂಡಿ, ಇನ್ನೇನು ಕೆಲಸ ಆರಂಭಿಸಬೇಕು ಎನ್ನುವಷ್ಟರಲ್ಲಿ ‘ರನ್‌ಡಿಎಲ್‌ಎಲ್’ ಎಂಬ ತಲೆಬರಹದ ಒಂದು ಚಿಕ್ಕ ಚೌಕ ಪರದೆಯ ನಡುವೆ ಬಂದು ನಿಲ್ಲುತ್ತಿತ್ತು. ಗೇಣುದ್ದದ ಒಂದು ವಿಳಾಸವನ್ನು ಹೇಳಿ, ಅಲ್ಲಿರುವ ಕಡತವನ್ನು ಆರಂಭಿಸುವುದರಲ್ಲಿ ತೊಂದರೆಯಾಗಿದೆ, ಸೂಚಿಸಿದ ಮಾಡ್ಯೂಲ್ ಸಿಗಲಿಲ್ಲ ಎಂದು ವರದಿ ಒಪ್ಪಿಸುತ್ತಿತ್ತು. ಕೆಳಗೆ ಇದ್ದದ್ದು ಒಂದೇ ಗುಂಡಿ. ಅದನ್ನು ಒತ್ತಿದರೆ ಚೌಕ ಮಾಯವಾಗಿ ಕಂಪ್ಯೂಟರ್ ಎಂದಿನಂತೆ ಕೆಲಸ ಮಾಡುತ್ತಿತ್ತು. ಯಾವ ಕಡತವೂ ತೆರೆಯದೆ ಇರುತ್ತಿರಲಿಲ್ಲ, ಯಾವ ತಂತ್ರಾಂಶವೂ ಮುಷ್ಕರ ಹೂಡುತ್ತಿರಲಿಲ್ಲ. ಹೀಗೆ ಯಾವ ಕೆಲಸಕ್ಕೂ ಅಡ್ಡಿಯಾಗದಿದ್ದರೂ ದಿನಾಲೂ ದೂರು ಹೇಳುವವರನ್ನು ಸಹಿಸುವುದು ಎಷ್ಟು ಕಷ್ಟವೆಂಬುದು ಅನುಭವಿಸಿದವರಿಗೇ ಗೊತ್ತು.

ಸಲಹೆಗಳಿಗೆ ಬರವಿರಲಿಲ್ಲ. ಭಾವಮೈದುನನಿಗೆ ಫೋನ್ ಮಾಡಿದರೆ ಆತ ವಿಳಾಸವನ್ನು ಪೂರ್ತಿ ಕೇಳುವ ಮೊದಲೇ, “ಭಾವ, ಅದು ವೈರಸ್. ಫಾರ್ಮ್ಯಾಟ್ ಮಾಡಿಬಿಡಿ” ಎಂದ. ಶೀತವೆಂದು ಹೋದರೂ ಫಾರ್ಮ್ಯಾಟ್ ಮಾಡಿಸಿಕೊಳ್ಳಿ ಎನ್ನುವ ಸ್ವಭಾವ ಅವನದು. ಆಂಟಿವೈರಸ್ ಇಡೀ ಡಿಸ್ಕನ್ನು ಜಾಲಾಡಿ ಏನೂ ಇಲ್ಲವೆಂದಿತು. ವಿಂಡೋಸ್ ತನ್ನ ಹೊಂದಾಣಿಕೆಗಳನ್ನು ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಯನ್ನು ತೊಳೆದು ಕೊಡುತ್ತೇವೆಂದು ಸಾರುವ ತಂತ್ರಾಂಶಗಳೂ, ಕಾಣೆಯಾದ, ಬೇರೆ ತಂತ್ರಾಂಶಗಳಿಗೆ ನೆರವಾಗುವ ಡಿಎಲ್‌ಎಲ್ ಕಡತವನ್ನು ಬಿಟ್ಟಿಯಾಗಿ ಒದಗಿಸುತ್ತೇವೆನ್ನುವ ತಾಣಗಳೂ ಹುಡುಕಿದ ಕ್ಷಣದಲ್ಲೇ ಸಾಲುಗಟ್ಟಿದವು. ಎಲ್ಲಿಂದ ಬಂತೆಂದು ತಿಳಿಯದ ಕಡತವನ್ನು ತಂದು ಕಂಪ್ಯೂಟರಿನೊಳಗೆ ಕೂರಿಸುವುದೆಂದರೆ ಇಲ್ಲದ ವೈರಸ್ಸನ್ನು ಆಹ್ವಾನಿಸಿದಂತೆ. ಆ ಕಡೆ ನಾನು ತಲೆಹಾಕಲಿಲ್ಲ. ಅದರ ಬದಲು ಕಮಾಂಡ್ ಪ್ರಾಂಪ್ಟ್ ತೆರೆದು, ವಿಂಡೋಸಿನ ಮೂಲ ಕಡತಗಳನ್ನು ಪರೀಕ್ಷಿಸುವ ‘ಎಸ್‌ಎಫ್‌ಸಿ’ ಆದೇಶವನ್ನು ಕೊಟ್ಟು ಕುಳಿತೆ. ಅದು ಶೇಕಡಾವಾರು ಲೆಕ್ಕ ತೋರಿಸುತ್ತ, ಆಕಳಿಸುವಷ್ಟು ಕಾಯಿಸಿ, ವ್ಯವಸ್ಥೆಯಲ್ಲಿ ಯಾವ ಲೋಪವೂ ಇಲ್ಲವೆಂಬ ಪ್ರಮಾಣಪತ್ರ ನೀಡಿತು. ಕಂಪ್ಯೂಟರನ್ನು ಮರಳಿ ಆರಂಭಿಸಿದಾಗ ಚೌಕ ತನ್ನ ಜಾಗದಲ್ಲೇ ಹಾಜರಿತ್ತು.

ಅತ್ಯಗತ್ಯವಾದವುಗಳನ್ನಷ್ಟೇ ಎಬ್ಬಿಸುವ ಸೇಫ್ ಮೋಡಿನಲ್ಲಿ ಆರಂಭಿಸಿದರೆ ಮಾತ್ರ ಅದರ ಸುಳಿವಿರಲಿಲ್ಲ. ಇದು ಪವಾಡವಲ್ಲ. ನಾವು ಲಾಗಿನ್ ಆದೊಡನೆ ತಾವಾಗಿಯೇ ಏಳುವ ತಂತ್ರಾಂಶಗಳ ಪಟ್ಟಿಯನ್ನು ವಿಂಡೋಸ್ ಆ ಸ್ಥಿತಿಯಲ್ಲಿ ಸಾಮಾನ್ಯವಾಗಿ ಓದುವುದೇ ಇಲ್ಲ. ಅಂದರೆ ವ್ಯವಸ್ಥೆ ಆರೋಗ್ಯವಾಗಿದೆ, ಕಾಟವಿರುವುದು ಆ ಪಟ್ಟಿಯಲ್ಲಿ ಎಂದಾಯಿತು. ಇದಕ್ಕಿಂತ ಒಳ್ಳೆಯ ಸುಳಿವನ್ನು ಕೊಟ್ಟವಳು ನನ್ನ ಹೆಂಡತಿ. ಅದೇ ಕಂಪ್ಯೂಟರಿನಲ್ಲಿ ಅವಳಿಗೆ ಬೇರೆ ಖಾತೆಯಿದೆ. “ನನ್ನ ಲಾಗಿನ್‌ನಲ್ಲಿ ಏನೂ ಬರುವುದಿಲ್ಲವಲ್ಲ. ನಿಮಗೆ ಮಾತ್ರ ಯಾಕೆ ಬರುತ್ತೆ?” ಎಂದು ಅವಳು ಕೇಳಿದ ಧಾಟಿಯಲ್ಲಿ ತಾಂತ್ರಿಕ ಕುತೂಹಲಕ್ಕಿಂತ ನನ್ನ ನಡತೆಯ ವಿಚಾರಣೆಯೇ ಹೆಚ್ಚಾಗಿತ್ತಾದರೂ, ಪ್ರಶ್ನೆ ಮಾತ್ರ ಅತ್ಯಂತ ಸಮಂಜಸವಾಗಿತ್ತು.

ಟಾಸ್ಕ್ ಮ್ಯಾನೇಜರಿನ ‘ಸ್ಟಾರ್ಟ್‌ಅಪ್’ ವಿಭಾಗದಲ್ಲಿ ನೋಡಿದರೆ ಅನುಮಾನ ಬರುವಂಥ ಹೆಸರೊಂದೂ ಇರಲಿಲ್ಲ. ಡಿಎಲ್‌ಎಲ್ ಕಡತಗಳು ತಾವಾಗಿ ಓಡಲಾರವು. ಅವುಗಳನ್ನು ನೇರವಾಗಿ ಓಡಿಸಲು ‘ರನ್‌ಡಿಎಲ್‌ಎಲ್32’ ಎಂಬ ವಿಂಡೋಸಿನದೇ ಪುಟ್ಟ ಪ್ರೋಗ್ರಾಮ್ ಬೇಕು. ಆದ್ದರಿಂದ ಪಟ್ಟಿಯಲ್ಲಿ ಕಾಣುವುದು ಓಡಿಸುವವನ ಹೆಸರೇ ಹೊರತು ಓಡಬೇಕಾದವನದಲ್ಲ. ಅಲ್ಲಿ ‘ವಿಂಡೋಸ್ ಹೋಸ್ಟ್ ಪ್ರೊಸೆಸ್’ ಎಂಬ ಘನವಾದ ಹೆಸರು ಹೊತ್ತು ಕುಳಿತಿದ್ದ ಸಾಲನ್ನು, ಇದು ಅಧಿಕಾರಿ ವರ್ಗದವರಿರಬೇಕೆಂದು, ಯಾರಾದರೂ ಗೌರವದಿಂದ ದಾಟಿಹೋಗುತ್ತಾರೆ. ಮೇಲಿನ ಶೀರ್ಷಿಕೆಯ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಕಮಾಂಡ್ ಲೈನ್’ ಎಂಬ ಅಂಕಣವನ್ನು ಹೊರತಂದಾಗಲೇ ಅಧಿಕಾರಿಯ ಬಗಲಲ್ಲಿದ್ದ ಚೀಟಿ ಓದಲು ಸಿಕ್ಕಿದ್ದು. ಅದರಲ್ಲಿ ದಿನಾಲೂ ನೋಡುತ್ತಿದ್ದ ಅದೇ ವಿಳಾಸವಿತ್ತು. ಅದರ ಹಿಂದೆ ಒಂದು ಉದ್ದನೆಯ ಸೀರಿಯಲ್ ನಂಬರ್, ಸಂಪರ್ಕ ಯುಎಸ್‌ಬಿ ಎಂಬ ಒಕ್ಕಣೆ, ಕೊನೆಗೆ ‘ಮಾನಿಟರ್’ ಎಂಬುದರ ಮುಂದೆ 1 ಎಂಬ ಅಂಕಿ.

ಆ ಸೀರಿಯಲ್ ನಂಬರ್ ನಮ್ಮ ಹಳೆಯ ಪ್ರಿಂಟರಿನದು. ಕಾಗದ ನುಂಗುವುದರಲ್ಲಿ ಹೆಸರು ಮಾಡಿದ್ದ ಆ ಪ್ರಿಂಟರ್ ಗುಜರಿಗೆ ಹೋಗಿ ಬಹಳ ಕಾಲವಾಗಿತ್ತು. ಅದರ ತಂತ್ರಾಂಶವನ್ನು ನನ್ನ ಹೆಂಡತಿ ತನ್ನ ಖಾತೆಯಿಂದ ಕ್ರಮವಾಗಿಯೇ ಅನ್‌ಇನ್‌ಸ್ಟಾಲ್ ಮಾಡಿದ್ದಳು. ರಿಜಿಸ್ಟ್ರಿಯಲ್ಲಿ ಎಲ್ಲರಿಗೂ ಸೇರಿದ ಭಾಗ ಬೇರೆ, ಒಬ್ಬೊಬ್ಬ ಬಳಕೆದಾರನ ಸ್ವಂತ ಭಾಗ ಬೇರೆ. ಅನ್‌ಇನ್‌ಸ್ಟಾಲರ್ ಕಡತಗಳನ್ನು ಅಳಿಸಿ, ಅವಳ ಭಾಗವನ್ನು ಗುಡಿಸಿ ಸಾರಿಸಿ, ನನ್ನ ಭಾಗದ ಕಡೆ ಕಣ್ಣೆತ್ತಿಯೂ ನೋಡದೆ ಹೊರಟಿತ್ತು. ಹೀಗಾಗಿ ನನ್ನ ಭಾಗದಲ್ಲಿ, ಲಾಗಿನ್ ಆದೊಡನೆ ಏಳಬೇಕಾದವುಗಳ ‘ರನ್’ ಪಟ್ಟಿಯಲ್ಲಿ, ಕೆಲಸ ಬಿಟ್ಟುಹೋದವನ ಹೆಸರನ್ನು ಹಾಜರಿ ಪುಸ್ತಕದಲ್ಲಿ ಉಳಿಸಿಕೊಂಡು ದಿನಾಲೂ ಕೂಗಿ ಕರೆಯುವಂತೆ, ಇಲ್ಲದ ಪ್ರಿಂಟರಿನ ಶಾಯಿ ಎಷ್ಟಿದೆಯೆಂದು ನೋಡಿಬರುವ ಆದೇಶವೊಂದು ಉಳಿದುಕೊಂಡಿತ್ತು. ದೋಷಸೂಚನೆ ಮೊದಲ ದಿನದಿಂದಲೂ ಸತ್ಯವನ್ನೇ ನುಡಿಯುತ್ತಿತ್ತೆಂಬುದನ್ನು ಒಪ್ಪಲೇಬೇಕು. ಕಡತ ಇರಲಿಲ್ಲ, ಅದು ಸಿಗಲಿಲ್ಲವೆಂದಿತು. ಹುಡುಕಲು ಕಳಿಸಿದವರು ಯಾರೆಂಬ ಒಂದು ಮಾತನ್ನೂ ಸೇರಿಸಿದ್ದರೆ ಅದರ ಗಂಟೇನೂ ಹೋಗುತ್ತಿರಲಿಲ್ಲ.

ಈ ಬಗೆಯ ಪತ್ತೇದಾರಿಕೆಗೆ ‘ಆಟೋರನ್ಸ್’ ಎಂಬ ಉಚಿತ ಸಾಧನವಿದೆ. ಮಾರ್ಕ್ ರುಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಕಟ್ಟಿದ ಸಿಸ್‌ಇಂಟರ್ನಲ್ಸ್ ಬಳಗಕ್ಕೆ ಸೇರಿದ ಅದು, 2006ರಲ್ಲಿ ಆ ಬಳಗ ಮೈಕ್ರೋಸಾಫ್ಟಿನ ಪಾಲಾದ ಮೇಲೆ ಅಲ್ಲಿಂದಲೇ ಸಿಗುತ್ತದೆ. ರಿಜಿಸ್ಟ್ರಿ, ಸ್ಟಾರ್ಟ್‌ಅಪ್ ಫೋಲ್ಡರ್, ಟಾಸ್ಕ್ ಶೆಡ್ಯೂಲರ್ ಮುಂತಾದ ಎಲ್ಲ ಅಡಗುತಾಣಗಳನ್ನೂ ಒಂದೆಡೆ ತೋರಿಸಿ, ಕಡತವೇ ಇಲ್ಲದ ನಮೂದುಗಳಿಗೆ ಹಳದಿ ಬಣ್ಣ ಬಳಿಯುತ್ತದೆ. ನನ್ನ ಪ್ರಿಂಟರಿನ ಸಾಲು ಅರಿಸಿನದಲ್ಲಿ ಅದ್ದಿದಂತೆ ಹೊಳೆಯುತ್ತಿತ್ತು. ಜೊತೆಗೆ ಇನ್ನೂ ಕೆಲವು ಹಳದಿ ಸಾಲುಗಳಿದ್ದವು. ಅವು ಬಾಯಿ ಬಿಡದೆ ತಮ್ಮ ಪಾಡಿಗೆ ಇದ್ದುದರಿಂದ ಅವುಗಳ ತಂಟೆಗೆ ಹೋಗಲಿಲ್ಲ.

ರಿಜಿಸ್ಟ್ರಿಯಲ್ಲಿ ಏನನ್ನಾದರೂ ಅಳಿಸುವ ಮುನ್ನ ಆ ಭಾಗದ ಒಂದು ಪ್ರತಿಯನ್ನು ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಬೇಕೆಂಬ ನಿಯಮವನ್ನು ಪಾಲಿಸಿ, ಆ ಕಡತವನ್ನು ಡೆಸ್ಕ್‌ಟಾಪಿನ ಮೇಲಿಟ್ಟು, ಬಳಿಕ ಆ ನಮೂದನ್ನು ಅಳಿಸಿದೆ. ಚೌಕ ಮತ್ತೆ ಬರಲಿಲ್ಲ. ಆದರೆ ಇಂಥ ಪ್ರತಿಯ ಮೇಲೆ ಡಬಲ್ ಕ್ಲಿಕ್ ಮಾಡಿ, ವಿಂಡೋಸ್ ಕೇಳುವ ಪ್ರಶ್ನೆಗೆ ಹೌದೆಂದುಬಿಟ್ಟರೆ ಅಳಿಸಿದ್ದೆಲ್ಲ ಸ್ವಸ್ಥಾನಕ್ಕೆ ಮರಳುತ್ತದೆ. ಹಾಗಾಗದಿರಲೆಂದು ಕಡತಕ್ಕೆ ‘ಮುಟ್ಟಬಾರದು’ ಎಂದೇ ಹೆಸರಿಟ್ಟೆ. ಮುಂದಿನ ವಾರ ಮನೆಗೆ ಬಂದ ಭಾವಮೈದುನ, ಫಾರ್ಮ್ಯಾಟ್ ಮಾಡದೆಯೇ ಇದು ಹೇಗೆ ಸರಿಹೋಯಿತೆಂದು ನೋಡಲು ಕುಳಿತವನು, “ಇದೇನು ಭಾವ, ಮುಟ್ಟಬಾರದು ಅಂತ ಇದೆ?” ಎಂದು ಕೇಳುವ ಹೊತ್ತಿಗೆ ಎರಡು ಸಲ ಒತ್ತಿ ಆಗಿತ್ತು, ಮೌಸಿನ ಬಾಣ ‘ಹೌದು’ ಎಂಬುದರ ಮೇಲೆ ನಿಂತಿತ್ತು.