ಎಷ್ಟು ತಿಂಗಳಿಗೆ ಸತ್ತ?

ಅಮೆರಿಕದ ಕಾಮಿಕ್ಸ್ ಅಂಗಡಿಗಳಿಗೆ ಹೊಸ ಸಂಚಿಕೆ ಬರುವುದು ಬುಧವಾರ. ಅಂಥದ್ದೊಂದು ಬುಧವಾರ ಯಾವನೋ ಹೀರೋ ಸತ್ತ ಸುದ್ದಿ ಕೌಂಟರಿಗೆ ಬಂತು ಅನ್ನಿ. "ಅಯ್ಯೋ, ಹೇಗೆ?" ಅಂತ ಯಾರೂ ಕೇಳುವುದಿಲ್ಲ. "ಎಷ್ಟು ತಿಂಗಳಿಗೆ?" ಅಂತ ಕೇಳುತ್ತಾರೆ. ಸಾವಿನ ಸುದ್ದಿ ತಂದವನಿಗೆ ನಮ್ಮ ಕಡೆ ಹೀಗೆ ಕೇಳಿದರೆ ಕಪಾಳಕ್ಕೆ ಬೀಳುತ್ತದೆ. ಇಲ್ಲಿ ಅದು ಅನುಭವಸ್ಥರ ಪ್ರಶ್ನೆ. ಹ್ಯೂಮನ್ ಟಾರ್ಚ್ 2011ರ ಜನವರಿಯಲ್ಲಿ ಸತ್ತು ಅದೇ ನವೆಂಬರಿಗೆ ಎದ್ದು ಬಂದ. ಕ್ಯಾಪ್ಟನ್ ಅಮೆರಿಕ ಹೋದದ್ದು 2007ರಲ್ಲಿ, ಅವನನ್ನು ವಾಪಸು ತರುವ ಸರಣಿ ಶುರುವಾದದ್ದು 2009ರಲ್ಲಿ. ಫ್ಲ್ಯಾಶ್ ಆಗಿದ್ದ ಬ್ಯಾರಿ ಅಲನ್ ಮಾತ್ರ ಪಾಪ, 1985ರಿಂದ 2008ರವರೆಗೆ ಕಾಯಬೇಕಾಯಿತು. ಮಿಸ್ ಮಾರ್ವೆಲ್ ಆಗಿದ್ದ ಕಮಲಾ ಖಾನ್ 2023ರ ಮೇ 31ಕ್ಕೆ ಸತ್ತಳು, ಜುಲೈ ಮುಗಿಯುವುದರೊಳಗೆ ಎದ್ದಳು. ಅದೂ ಸತ್ತದ್ದು ಸ್ಪೈಡರ್‌ಮ್ಯಾನ್ ಪುಸ್ತಕದಲ್ಲಿ. ಸಾಯಲು ಕೂಡ ಸ್ವಂತ ಮನೆ ಸಿಗಲಿಲ್ಲ ಆ ಹುಡುಗಿಗೆ.

ಅಭಿಮಾನಿಗಳ ಸಿಟ್ಟನ್ನು ಹೊರಗಿನವರು ತಪ್ಪು ತಿಳಿಯುತ್ತಾರೆ. ಕಾಗದದ ಮನುಷ್ಯ ಸತ್ತದ್ದಕ್ಕೆ ಇಷ್ಟು ರಂಪವೇ ಅಂತ. ಸತ್ತದ್ದಕ್ಕಲ್ಲ ಸ್ವಾಮಿ ರಂಪ, "ಇದೇ ಕೊನೆ" ಎಂದು ಹೇಳಿ ದುಡ್ಡು ಎಣಿಸಿಕೊಂಡದ್ದಕ್ಕೆ.

ನಮ್ಮ ಅಭಿಮನ್ಯುವನ್ನು ನೋಡಿ. ನವೆಂಬರಿನಲ್ಲಿ ಯಕ್ಷಗಾನ ಮೇಳ ತಿರುಗಾಟಕ್ಕೆ ಹೊರಟರೆ ಮೇ ತಿಂಗಳೊಳಗೆ ಎಷ್ಟು ಗದ್ದೆಗಳಲ್ಲಿ ಸಾಯುತ್ತಾನೋ ಲೆಕ್ಕ ಇಟ್ಟವರಿಲ್ಲ. ಒಂದೇ ರಾತ್ರಿ ಎರಡು ಊರಲ್ಲಿ, ಎರಡು ಮೇಳದಲ್ಲಿ ಸತ್ತರೂ ಯಾರಿಗೂ ಗೊಂದಲವಿಲ್ಲ. ಬೆಳಗ್ಗೆ ಬಣ್ಣ ತೊಳೆದು ಮಲಗಿದವನು ಸಂಜೆ ಇನ್ನೊಂದು ಚೌಕಿಯಲ್ಲಿ ಕನ್ನಡಿ ಹಿಡಿದು ಕೂತಿರುತ್ತಾನೆ. ಚಾಪೆ ಮೇಲೆ ಕೂತ ಅಜ್ಜಿಗೆ ಕಥೆ ಪೂರ್ತಿ ಗೊತ್ತು. ಒಳಗೆ ಹೋಗುವುದು ಗೊತ್ತು, ಹೊರಗೆ ಬರುವುದು ಗೊತ್ತಿಲ್ಲ, ದಾರಿಯಲ್ಲಿ ಸೈಂಧವ ಅಡ್ಡ ನಿಲ್ಲುತ್ತಾನೆ. ಆದರೂ ಹುಡುಗ ರಥದ ಗಾಲಿ ಎತ್ತಿದ ಹೊತ್ತಿಗೆ ಸೆರಗು ಕಣ್ಣಿಗೆ ಹೋಗುತ್ತದೆ. "ಹೋದ ವಾರ ಸತ್ತಿದ್ದನಲ್ಲ, ಮತ್ತೆ ಹೇಗೆ ಬಂದ?" ಎಂದು ಕೇಳಿದವರನ್ನು ಕಂಡಿಲ್ಲ. ಹೋದ ವಾರದ ಆಟಕ್ಕೂ ಇವತ್ತಿನ ಆಟಕ್ಕೂ ಲೆಕ್ಕದ ಸಂಬಂಧ ಇಲ್ಲವಲ್ಲ. ಗಣಪತಿ ಪೂಜೆಯಿಂದ ಮಂಗಳದವರೆಗೆ ಒಂದು ಲೋಕ. ಅಲ್ಲಿಗೆ ಮುಗಿಯಿತು.

ಅಮೆರಿಕದ ಎರಡು ದೊಡ್ಡ ಪ್ರಕಾಶನಗಳು, ಮಾರ್ವೆಲ್ ಮತ್ತು ಡಿಸಿ, ಇಟ್ಟುಕೊಂಡಿರುವುದು ತಲಾ ಒಂದೇ ಕಡತ. ಅದನ್ನು ಕಂಟಿನ್ಯೂಯಿಟಿ ಅನ್ನುತ್ತಾರೆ. ದಶಕಗಳ ಹಿಂದಿನ ಸಂಚಿಕೆಯ ಜಗಳ ಇವತ್ತಿನ ಸಂಚಿಕೆಯಲ್ಲೂ ಆದದ್ದೇ ಎಂದು ಲೆಕ್ಕ. ಹಾಗಾಗಿ ಸಾವು ಎಂಬ ನಮೂದು ಒಮ್ಮೆ ಬಿತ್ತೋ, ಅದನ್ನು ಹೊಡೆದುಹಾಕಲು ಇನ್ನೊಂದು ನಮೂದು ಬರೆಯಬೇಕು. ಆ ಎರಡನೆಯ ನಮೂದುಗಳನ್ನು ಓದಿದರೆ ನಗಬೇಕೋ ಅಳಬೇಕೋ ತಿಳಿಯದು. ಬ್ಯಾಟ್‌ಮ್ಯಾನ್‌ನ ಎರಡನೇ ರಾಬಿನ್ ಜೇಸನ್ ಟಾಡ್ ಬದುಕಿದ್ದು ಹೇಗೆಂದರೆ, ಬೇರೊಂದು ಲೋಕದ ಸೂಪರ್‌ಬಾಯ್ ವಾಸ್ತವದ ಗೋಡೆಗೆ ಗುದ್ದಿದನಂತೆ, ಆ ಹೊಡೆತಕ್ಕೆ ಹುಡುಗ ಗೋರಿಯೊಳಗೆ ಕಣ್ಣು ಬಿಟ್ಟನಂತೆ. ಕ್ಯಾಪ್ಟನ್ ಅಮೆರಿಕನನ್ನು ಕೊಂದ ಬಂದೂಕು ನಿಜವಾಗಿ ಅವನನ್ನು ಕಾಲದ ಹಳಿ ತಪ್ಪಿಸಿತ್ತಂತೆ. ಎಲ್ಲಕ್ಕಿಂತ ನೋವಿನದು ಜೀನ್ ಗ್ರೇ ಕಥೆ. 1980ರಲ್ಲಿ ಎಕ್ಸ್-ಮೆನ್ 137ನೇ ಸಂಚಿಕೆಯಲ್ಲಿ ಅವಳು ಚಂದ್ರನ ಮೇಲೆ ತನ್ನ ಪ್ರಾಣ ತಾನೇ ತೆಗೆದುಕೊಳ್ಳುತ್ತಾಳೆ, ಓದಿದವರು ಅತ್ತರು. 1986ರಲ್ಲಿ ಹೇಳಿದರು: ಸತ್ತವಳು ಜೀನ್ ಅಲ್ಲವೇ ಅಲ್ಲ, ಅವಳ ರೂಪ ತಳೆದ ಫೀನಿಕ್ಸ್ ಶಕ್ತಿ, ನಿಜವಾದವಳು ನ್ಯೂಯಾರ್ಕಿನ ಜಮೈಕಾ ಕೊಲ್ಲಿಯ ತಳದಲ್ಲಿ ಗೂಡಿನೊಳಗೆ ನಿದ್ದೆಯಲ್ಲಿದ್ದಳು. ಹಾಗಾದರೆ ಆರು ವರ್ಷದ ಹಿಂದೆ ಅತ್ತವರು ಯಾರಿಗಾಗಿ ಅತ್ತರು? ಅಭಿಮಾನಿಯ ದೂರು ಇಲ್ಲಿದೆ. ಬದುಕಿಸಿದ್ದಕ್ಕೆ ಅವನಿಗೆ ಬೇಜಾರಿಲ್ಲ, ಅವನ ಹಳೇ ಕಣ್ಣೀರನ್ನು ಹಿಂದಿನ ತಾರೀಕು ಹಾಕಿ ರದ್ದು ಮಾಡಿದರಲ್ಲ, ಅದಕ್ಕೆ.

ಇಂಥ ಸಾವುಗಳು ಹುಟ್ಟುವ ಅಡುಗೆಮನೆ ಎಂದರೆ ಅಂಗಡಿಯ ಆರ್ಡರ್ ಫಾರಂ. ಕಾಮಿಕ್ಸ್ ಅಂಗಡಿಯವನು ತರಿಸುವ ಮಾಲನ್ನು ಸಾಮಾನ್ಯವಾಗಿ ವಾಪಸು ಕೊಡುವಂತಿಲ್ಲ. ಉಳಿದರೆ ಅವನ ತಲೆ ಮೇಲೆ. ಬರುವ ಸಂಚಿಕೆಗಳ ಪಟ್ಟಿ ಸುಮಾರು ಎರಡು ತಿಂಗಳು ಮೊದಲೇ ಅವನ ಕೈಗೆ ಬರುತ್ತದೆ. ಎಷ್ಟು ಪ್ರತಿ ಬೇಕೆಂದು ಕೊನೆಯ ಸಲ ತಿದ್ದಲು ಸಂಚಿಕೆ ಬರುವ ಕೆಲವು ವಾರ ಮೊದಲಿನವರೆಗೆ ಅವಕಾಶ. ಇದರ ಅರ್ಥ, ಸಾವನ್ನು ಗುಟ್ಟಾಗಿ ಇಟ್ಟರೆ ಅಂಗಡಿಯವನು ಎಂದಿನಷ್ಟೇ ಪ್ರತಿ ತರಿಸುತ್ತಾನೆ. ಕ್ಯಾಪ್ಟನ್ ಅಮೆರಿಕ 25ನೇ ಸಂಚಿಕೆಗೆ ಆದದ್ದು ಅದೇ. 2007ರ ಮಾರ್ಚಿನಲ್ಲಿ, ನ್ಯಾಯಾಲಯದ ಮೆಟ್ಟಿಲ ಮೇಲೆ ಅವನು ಬಿದ್ದ ಸುದ್ದಿ ಪತ್ರಿಕೆಗಳಲ್ಲಿ ಆ ದಿನವೇ ಬಂತು. ಎಂದೂ ಕಾಮಿಕ್ಸ್ ಮುಟ್ಟದವರೆಲ್ಲ ಅಂಗಡಿಗೆ ಓಡಿದರು, ಎಷ್ಟೋ ಕಡೆ ಪ್ರತಿ ಮುಗಿದಿತ್ತು. ಗುಟ್ಟು ಬಿಟ್ಟುಕೊಟ್ಟರೆ ಅಂಗಡಿಯವನು ರಾಶಿ ತರಿಸುತ್ತಾನೆ, ಆದರೆ ಓದುಗನಿಗೆ ಹೀರೋ ಸಾಯುವ ತಾರೀಕು ಎರಡು ತಿಂಗಳು ಮೊದಲೇ ಗೊತ್ತು. ಆಯ್ಕೆ ಯಾವುದೆಂದು ಬೇರೆ ಹೇಳಬೇಕೆ? ಜೊತೆಗೆ ಬೇರೆ ಬೇರೆ ಮುಖಪುಟಗಳ ಆಟ. ಮಾಮೂಲಿ ಪ್ರತಿ 25 ತರಿಸಿದರೆ ಅಪರೂಪದ ಮುಖಪುಟದ್ದು ಒಂದು, 50 ತರಿಸಿದರೆ ಇನ್ನೂ ಅಪರೂಪದ್ದು ಒಂದು. ಆ ಒಂದರ ಆಸೆಗೆ ಅಂಗಡಿಯವನು ಮಿಕ್ಕ ಇಪ್ಪತ್ತೈದನ್ನು ಹೊರುತ್ತಾನೆ.

ಸೂಪರ್‌ಮ್ಯಾನ್ 75ನೇ ಸಂಚಿಕೆಯನ್ನು, ಅಂದರೆ ಅವನು ಸತ್ತ ಸಂಚಿಕೆಯನ್ನು ಬಿಟ್ಟು ಈ ಮಾತು ಮುಂದೆ ಹೋಗದು. ಅಂಗಡಿಗೆ ಬಂದದ್ದು 1992ರ ನವೆಂಬರ್. ಹಿನ್ನೆಲೆಯೇ ವಿಚಿತ್ರ. ವೇಷ ಕಳಚಿದ ಸೂಪರ್‌ಮ್ಯಾನ್ ಆದ ಕ್ಲಾರ್ಕ್ ಮತ್ತು ಅವನ ಪ್ರೇಯಸಿ ಲೋಯಿಸ್ ಮದುವೆ ಮಾಡಿಸಬೇಕೆಂದು ಬರಹಗಾರರು ಯೋಜನೆ ಹಾಕಿದ್ದರು. ಅದೇ ಜೋಡಿಯ ಮೇಲೆ ಟಿವಿ ಸರಣಿ ಬರುತ್ತಿದೆ, ಎರಡೂ ಕಡೆ ಮದುವೆ ಒಟ್ಟಿಗೆ ಆಗಲಿ ಎಂದು ಮೇಲಿನವರು ತಡೆದರು. ಖಾಲಿಯಾದ ಜಾಗಕ್ಕೆ ಏನು ಮಾಡೋಣ ಎಂದಾಗ, ಬರಹಗಾರ ಜೆರ್ರಿ ಆರ್ಡ್‌ವೇ ಪ್ರತಿ ಸಭೆಯಲ್ಲೂ ತಮಾಷೆಗೆ ಹೇಳುತ್ತಿದ್ದ "ಕೊಂದುಬಿಡೋಣ" ಎಂಬ ಮಾತು ಈ ಸಲ ನಿಜವಾಯಿತು. ಮದುವೆಗೆಂದು ಹಾಕಿದ ಚಪ್ಪರದಲ್ಲಿ ತಿಥಿ ಮಾಡಿದರು. ಮದುವೆ ಕೊನೆಗೆ ಆದದ್ದು 1996ರಲ್ಲಿ, ಪುಸ್ತಕದಲ್ಲೂ ಟಿವಿಯಲ್ಲೂ.

ಕುಶಲತೆ ಇರಲಿಲ್ಲವೆಂದಲ್ಲ. ಸಾವಿನ ಕಡೆಗೆ ಹೋಗುವ, ನಾಲ್ಕು ಸರಣಿಗಳ ನಾಲ್ಕು ಸಂಚಿಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅಡ್ವೆಂಚರ್ಸ್ ಆಫ್ ಸೂಪರ್‌ಮ್ಯಾನ್ 497ರಲ್ಲಿ ಪುಟಕ್ಕೆ ನಾಲ್ಕು ಚೌಕಟ್ಟು. ಆ್ಯಕ್ಷನ್ ಕಾಮಿಕ್ಸ್ 684ರಲ್ಲಿ ಮೂರು. ಮ್ಯಾನ್ ಆಫ್ ಸ್ಟೀಲ್ 19ರಲ್ಲಿ ಎರಡು. 75ರಲ್ಲಿ ಪುಟಕ್ಕೆ ಒಂದೇ. ಕಥೆ ಮುಂದೆ ಹೋದಂತೆ ಮಾತು ಕಡಿಮೆಯಾಗಿ, ಪುಟ ತಿರುವುವ ಕೈ ತಾನಾಗಿಯೇ ಚುರುಕಾಗುತ್ತದೆ. ಭಾಗವತರು ಕಾಲ ಏರಿಸುತ್ತ ಹೋದ ಹಾಗೆ. 75ನ್ನು ಬರೆದು ಚಿತ್ರಿಸಿದ ಡ್ಯಾನ್ ಜರ್ಗೆನ್ಸ್ ಅವರಿಗೂ ಉಳಿದವನ್ನು ಮಾಡಿದ ಜೊತೆಗಾರರಿಗೂ ಇದಕ್ಕೊಂದು ನಮಸ್ಕಾರ.

ಆದರೆ ಅದನ್ನು ಮಾರಿದ ರೀತಿ? ಸಾಮಾನ್ಯ ಪ್ರತಿಗೆ 1 ಡಾಲರ್ 25 ಸೆಂಟ್. 2 ಡಾಲರ್ 50 ಸೆಂಟಿನದಕ್ಕೆ ಕಪ್ಪು ಪ್ಲಾಸ್ಟಿಕ್ ಚೀಲ, ಮೇಲೆ ರಕ್ತ ಸೋರುವ ಎಸ್ ಅಕ್ಷರ, ಒಳಗೆ ಕಪ್ಪು ತೋಳಪಟ್ಟಿ, ಕಥೆಯೊಳಗಿನ ಪತ್ರಿಕೆ ಡೈಲಿ ಪ್ಲಾನೆಟ್‌ನ ನಿಧನವಾರ್ತೆ, ಪೋಸ್ಟರು, ಅಂಚೆಚೀಟಿಗಳು, ಒಂದು ಕಾರ್ಡು. ಸೂತಕವನ್ನೂ ಸೆಟ್ಟು ಕಟ್ಟಿ ಕೊಟ್ಟರು. ಒಬ್ಬೊಬ್ಬರು ಮೂರು ಮೂರು ಕೊಂಡರು: ಒಂದು ಓದಲು, ಎರಡು ಮುಂದೆ ಮಾರಿ ಮಗನ ಕಾಲೇಜಿಗೆ. ಎಲ್ಲರೂ ಎತ್ತಿಟ್ಟ ವಸ್ತು ಅಪರೂಪವಾಗುವುದು ಹೇಗೆ? ಅವನು ಮರಳುವ ಕಥೆಗೆ ಮುನ್ನುಡಿಯಾದ ಅಡ್ವೆಂಚರ್ಸ್ 500 ಬಿಳಿ ಚೀಲದಲ್ಲಿ ಬಂದಾಗ ಅಂಗಡಿಯವರು ಅದೇ ಜೋರಿನಲ್ಲಿ ತರಿಸಿದರು, ಜನ ಬರಲಿಲ್ಲ, ಪೆಟ್ಟಿಗೆಗಳು ಹಾಗೇ ಉಳಿದವು. 1993ರಲ್ಲೇ ಅವನು ಎದ್ದು ಬಂದ, ಉದ್ದ ಕೂದಲು ಬಿಟ್ಟುಕೊಂಡು.

ಇನ್ನೂ ಆ ಕಪ್ಪು ಚೀಲವನ್ನು ಅಟ್ಟದ ಮೇಲೆ ಕಾಯುತ್ತಿರುವವರಿಗೆ ಒಂದು ಮಾತು: ಒಡೆಯಿರಿ. ಆ ಪ್ಲಾಸ್ಟಿಕ್ ಕಾಪಿಡಲೆಂದು ಮಾಡಿದ್ದಲ್ಲ, ಒಳಗಿನ ಕಾಗದ ಏನಾಗಿದೆಯೋ ಹೊರಗಿಂದ ಕಾಣುವುದೂ ಇಲ್ಲ. ಪುಸ್ತಕ ಎಷ್ಟು ಸುಸ್ಥಿತಿಯಲ್ಲಿದೆ ಎಂದು ದರ್ಜೆ ಕೊಡಿಸಲು ಕಳಿಸುವುದಾದರೂ ಸಾಮಾನ್ಯವಾಗಿ ಅದನ್ನು ಹೊರಗೆ ತೆಗೆಯಬೇಕು. ಚೀಲದ ಮೇಲಂಚನ್ನು ಬ್ಲೇಡಿನಿಂದ ಸೀಳಿ, ಪುಸ್ತಕದ ಬೆನ್ನು ಬಾಗದಂತೆ ಜಾರಿಸಿ ಹೊರಗೆ ತೆಗೆದು, ಆಮ್ಲವಿಲ್ಲದ ರಟ್ಟಿನ ಜೊತೆ ಮೈಲಾರ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನ ಹೊದಿಕೆಗೆ ಹಾಕಿ. ತೋಳಪಟ್ಟಿ, ಕಾರ್ಡುಗಳನ್ನು ಪುಟಗಳ ನಡುವೆ ಬಿಡಬೇಡಿ, ಒತ್ತಿ ಗುರುತು ಬೀಳುತ್ತದೆ. ನಿಲ್ಲಿಸಿಡಿ. ಪೇರಿಸಿದರೆ ಕೆಳಗಿನದು ಸೊಟ್ಟಗಾಗುತ್ತದೆ.

ಓದುಗರ ಕೈಗೇ ಕತ್ತಿ ಕೊಟ್ಟದ್ದೂ ಉಂಟು. 1988ರಲ್ಲಿ ಜೇಸನ್ ಟಾಡ್ ಸಾಯಬೇಕೋ ಬದುಕಬೇಕೋ ಎಂದು ಡಿಸಿ ಎರಡು ಫೋನ್ ನಂಬರ್ ಕೊಟ್ಟಿತು. ಕರೆಗೆ 50 ಸೆಂಟ್, ಸುಮಾರು ಒಂದೂವರೆ ದಿನದ ಗಡುವು. ಸಾಯಲಿ ಎಂದವು 5,343 ಕರೆ, ಬದುಕಲಿ ಎಂದವು 5,271. ಎಪ್ಪತ್ತೆರಡು ಕರೆಗಳ ಅಂತರದಲ್ಲಿ, 36 ಡಾಲರಿನ ವ್ಯತ್ಯಾಸದಲ್ಲಿ ಒಬ್ಬ ಹುಡುಗ ಹೋದ. ನಮ್ಮ ಬಯಲಾಟದಲ್ಲಿ ಚಕ್ರವ್ಯೂಹದ ಬಾಗಿಲಲ್ಲಿ ಆಟ ನಿಲ್ಲಿಸಿ "ಕೈ ಎತ್ತಿ" ಅಂದರೆ ಭಾಗವತರು ಜಾಗಟೆ ಬೀಸಿ ಎಸೆಯುತ್ತಾರೆ.

ಇಷ್ಟೆಲ್ಲದರ ಬುಡದಲ್ಲಿ ಇರುವುದು ಒಡೆತನ. ಜೆರ್ರಿ ಸೀಗಲ್, ಜೋ ಶುಸ್ಟರ್ ಎಂಬಿಬ್ಬರು ಹುಡುಗರು 1938ರಲ್ಲಿ ಸೂಪರ್‌ಮ್ಯಾನ್ ಹಕ್ಕನ್ನು 130 ಡಾಲರಿಗೆ ಬರೆದುಕೊಟ್ಟರು. ಅಂದಿನಿಂದ ಅವನು ಕಂಪನಿಯ ಆಸ್ತಿ. ಆಸ್ತಿಯನ್ನು ಯಾರಾದರೂ ನಿಜವಾಗಿ ಕೊಲ್ಲುತ್ತಾರೆಯೇ? ಅಂಗಿ, ಬೊಂಬೆ, ಸಿನಿಮಾ ಎಲ್ಲ ಅದರ ಮೇಲೆ ನಿಂತಿದೆ. ಅಮೇಜಿಂಗ್ ಸ್ಪೈಡರ್‌ಮ್ಯಾನ್ 700ರಲ್ಲಿ, 2012ರ ಡಿಸೆಂಬರಿನಲ್ಲಿ, ಸ್ಪೈಡರ್‌ಮ್ಯಾನ್ ಆದ ಪೀಟರ್ ಪಾರ್ಕರ್ ಶತ್ರು ಡಾಕ್ಟರ್ ಆಕ್ಟೋಪಸ್‌ನ ದೇಹದೊಳಗೆ ಸಿಕ್ಕಿ ಸತ್ತ, ಅವನ ದೇಹ ಶತ್ರುವಿನ ಪಾಲಾಯಿತು. ವಾಪಸು ಬಂದದ್ದು 2014ರ ಏಪ್ರಿಲ್, ಹೊಸ ಸಿನಿಮಾ ಅಮೆರಿಕದಲ್ಲಿ ತೆರೆಗೆ ಬಂದದ್ದು ಮೇ. ಹಾಗಾಗಿ ಹಳಬರು ಸಾವಿನ ಸಂಚಿಕೆ ಕೈಗೆ ಬಂದೊಡನೆ ಹೆಣ ಸಿಕ್ಕಿತೇ ಎಂದು ನೋಡುತ್ತಾರೆ, ಆ ಮೇಲೆ ಸಿನಿಮಾ ಬಿಡುಗಡೆಯ ಪಟ್ಟಿ, ಆ ಮೇಲೆ 600, 700ರಂಥ ದುಂಡು ಸಂಖ್ಯೆಗೆ ಎಷ್ಟು ಸಂಚಿಕೆ ಬಾಕಿ ಎಂದು. ಹ್ಯೂಮನ್ ಟಾರ್ಚ್ ಫೆಂಟಾಸ್ಟಿಕ್ ಫೋರ್ ಸರಣಿಯ 587ರಲ್ಲಿ ಸತ್ತವನು ಎದ್ದದ್ದು ಸರಿಯಾಗಿ 600ಕ್ಕೆ. ಅಭಿಮನ್ಯುವಿಗೆ ಒಡೆಯನಿಲ್ಲ. ಯಾವ ಮೇಳ ಬೇಕಾದರೂ ಕೊಲ್ಲಬಹುದು, ಆದ್ದರಿಂದ ಕೊಂದಾಗ ಪೂರ್ತಿ ಕೊಲ್ಲಬಹುದು.

ಊರಿನ ಮೇಲೆ ಇಷ್ಟು ಅಭಿಮಾನ ಸುರಿದ ಮೇಲೆ ನಮ್ಮ ಸಂಜೆ ಧಾರಾವಾಹಿಗಳ ನೆನಪಾಗುತ್ತದೆ, ಬೇಡವೆಂದರೂ. ಘಾಟಿಯಲ್ಲಿ ಕಾರು ಉರುಳುತ್ತದೆ, ಹೆಣ ಸಿಗುವುದಿಲ್ಲ, ಹೆಂಡತಿ ಕುಂಕುಮ ಅಳಿಸಲು ಒಪ್ಪುವುದಿಲ್ಲ, ಮೂರು ತಿಂಗಳ ಮೇಲೆ ಬ್ಯಾಂಡೇಜ್ ಬಿಚ್ಚಿದರೆ ಒಳಗೆ ಬೇರೊಬ್ಬ ನಟ. ಅತ್ತೆ "ಮಗನೇ" ಎಂದು ತಬ್ಬಿಕೊಳ್ಳುತ್ತಾಳೆ, ನಾವು ನೋಡುತ್ತಲೇ ಇರುತ್ತೇವೆ. ಮಾರ್ವೆಲ್‌ನವರು ಕನಿಷ್ಠ ಒಂದು ಕಾರಣವನ್ನಾದರೂ ಬರೆಯುತ್ತಾರೆ.

ಒಳ್ಳೆಯ ಸಾವುಗಳೂ ಅಲ್ಲಿ ಇವೆ, ಇಲ್ಲವೆನ್ನಲಾಗದು. 1982ರಲ್ಲಿ ಜಿಮ್ ಸ್ಟಾರ್ಲಿನ್ ಕ್ಯಾಪ್ಟನ್ ಮಾರ್ವೆಲ್‌ನನ್ನು ಕೊಂದದ್ದು ಯಾವ ಖಳನ ಕೈಯಿಂದಲೂ ಅಲ್ಲ, ಕ್ಯಾನ್ಸರಿನಿಂದ, ಹಾಸಿಗೆಯಲ್ಲಿ, ಸುತ್ತ ಗೆಳೆಯರು ಕೈಕಟ್ಟಿ ನಿಂತಿರುವಾಗ. ಅವನನ್ನು ಕಾಯಂ ಆಗಿ ವಾಪಸು ತರುವ ಧೈರ್ಯ ಇಂದಿಗೂ ಯಾರೂ ಮಾಡಿಲ್ಲ. ಪೀಟರ್ ದೇಹದಲ್ಲಿ ಡಾಕ್ಟರ್ ಆಕ್ಟೋಪಸ್ ಬದುಕಿದ ಆ ಒಂದೂಕಾಲು ವರ್ಷದ ಸಂಚಿಕೆಗಳನ್ನು ಬೈದು ಶುರುಮಾಡಿದವರೇ ಕೊನೆಗೆ ಮುಗಿಯಿತಲ್ಲ ಎಂದು ಮರುಗಿದರು. ಇನ್ನೊಂದು ಲೋಕದ ಪೀಟರ್ 2011ರಲ್ಲಿ ಸತ್ತದ್ದರಿಂದಲೇ ಮೈಲ್ಸ್ ಮೊರಾಲೆಸ್ ಎಂಬ ಹುಡುಗನಿಗೆ ಸ್ಪೈಡರ್‌ಮ್ಯಾನ್ ಜಾಗ ಸಿಕ್ಕಿತು. ನಮ್ಮಲ್ಲಿ ಅಭಿಮನ್ಯುವಿನ ಜಾಗ ಖಾಲಿಯಾಗುವುದೇ ಇಲ್ಲ. ಚೀಲ ಕೊಂಡವರೂ ಆಮೇಲೆ ಬೈದವರೂ ಒಂದೇ ಜನ ಎನ್ನುವುದನ್ನಂತೂ ಯಾವ ಅಭಿಮಾನಿಯೂ ತಾನಾಗಿ ಒಪ್ಪುವುದಿಲ್ಲ.

ಈ ನಡುವೆ ಒಂದು ತಾರೀಕು ಹತ್ತಿರವಾಗುತ್ತಿದೆ. ಅಮೆರಿಕದ ಕಾನೂನಿನ 95 ವರ್ಷದ ಗಡುವು ಮುಗಿದು, 2034ರ ಜನವರಿ 1ಕ್ಕೆ ಮೊದಲ ಸೂಪರ್‌ಮ್ಯಾನ್ ಕಥೆ ಅಲ್ಲಿ ಎಲ್ಲರ ಸೊತ್ತಾಗುತ್ತದೆ. ಎಸ್ ಗುರುತಿನ ಟ್ರೇಡ್‌ಮಾರ್ಕ್ ತಕರಾರು ಬೇರೆ, ಅದು ಉಳಿಯುತ್ತದೆ. ಸಿಗುವುದು 1938ರವನು ಮಾತ್ರ, ಹಾರಲು ಬಾರದವನು, ಒಂದು ನೆಗೆತಕ್ಕೆ ಎಂಟನೇ ಒಂದು ಮೈಲಿ ದಾಟುವವನು. ರಂಗಸ್ಥಳಕ್ಕೆ ಅದೇ ಅನುಕೂಲ, ಪುಂಡುವೇಷದ ಧೀಂಗಿಣದ ನೆಗೆತಕ್ಕೆ ಸರಿಹೊಂದುತ್ತದೆ. ಅಮೆರಿಕದ ಕನ್ನಡ ಕೂಟವೊಂದರಲ್ಲಿ ರಾತ್ರಿ ಕೊಂದು, ಮಂಗಳ ಹಾಡಿ, ಮುಂದಿನ ಶನಿವಾರ ಇನ್ನೊಂದು ಊರಿನಲ್ಲಿ ಮತ್ತೆ ಕೊಲ್ಲಬಹುದು, ಯಾರಿಗೂ ಕಾರಣ ಹೇಳಬೇಕಿಲ್ಲ. ಡೂಮ್ಸ್‌ಡೇ, ಅಂದರೆ 75ರಲ್ಲಿ ಸೂಪರ್‌ಮ್ಯಾನ್‌ನನ್ನು ಕೊಂದ ದೈತ್ಯ, ಮಾತ್ರ ಸಿಗುವುದಿಲ್ಲ. ಅವನು 1992ರವನು, ಇನ್ನೂ ಕಂಪನಿಯ ಸ್ವತ್ತು. ರಾಕ್ಷಸನ ಬಣ್ಣದ ವೇಷಕ್ಕೆ ಬೇರೆ ಯಾರನ್ನಾದರೂ ನೋಡಿಕೊಳ್ಳಬೇಕು.