ಗೊರಕೆ ಕಲಿಯಲು ನೇತ್ರಾಣಿಗೆ

ನೀರಿನ ಮೇಲೆ ಕವುಚಿ ತೇಲುತ್ತ ಕೆಳಗಿನ ಮೀನು ನೋಡುವವರು ಬಾಯಲ್ಲಿ ಕಚ್ಚಿಕೊಳ್ಳುವ ಉಸಿರುಕೊಳವೆಗೆ ಸ್ನಾರ್ಕೆಲ್ ಅನ್ನುತ್ತಾರೆ. ಅದು ಜರ್ಮನ್ ನಾವಿಕರ ಆಡುಮಾತಿನಿಂದ ಬಂದ ಪದ. ಎರಡನೇ ಮಹಾಯುದ್ಧದ ಹೊತ್ತಿಗೆ ಅವರ ಜಲಾಂತರ್ಗಾಮಿಗಳು ನೀರಿನಡಿ ಇದ್ದುಕೊಂಡೇ ಡೀಸೆಲ್ ಎಂಜಿನ್ನಿಗೆ ಗಾಳಿ ಎಳೆಯಲು ಒಂದು ಕೊಳವೆಯನ್ನು ಮೇಲಕ್ಕೆ ಚಾಚುತ್ತಿದ್ದವು. ಅದಕ್ಕೆ ‘ಮೂತಿ’ ಅನ್ನುವ ಅರ್ಥದ ಹೆಸರಿಟ್ಟರು. ಗೊರಕೆಗೆ ಆ ಭಾಷೆಯಲ್ಲಿರುವ ಪದಕ್ಕೂ ಇದಕ್ಕೂ ರಕ್ತಸಂಬಂಧವುಂಟು. ಹೀಗಾಗಿ ಬೆಂಗಳೂರಿನಲ್ಲಿ ರಾತ್ರಿ ಬಸ್ಸು ಹತ್ತಿ, ಘಟ್ಟ ಇಳಿಯುವ ತನಕ ಗೊರಕೆ ಹೊಡೆದು, ಬೆಳಗ್ಗೆ ಮುರುಡೇಶ್ವರದಲ್ಲಿ ಕಣ್ಣುಜ್ಜಿಕೊಂಡು ಇಳಿಯುವ ಪ್ರವಾಸಿ ಪ್ಯಾಕೇಜಿನ ಮೊದಲ ಪಾಠವನ್ನು ಆಗಲೇ ಮುಗಿಸಿರುತ್ತಾನೆ. ತೊಂದರೆ ಶುರುವಾಗುವುದು ಎಚ್ಚರವಾದ ಮೇಲೆ.

ಪ್ಯಾಕೇಜಿನ ಹೆಸರು ‘ಹಾಫ್ ಡೇ ಸ್ನಾರ್ಕೆಲಿಂಗ್’. ಜಾಗ ನೇತ್ರಾಣಿ ದ್ವೀಪ, ದಡದಿಂದ ಸುಮಾರು 19 ಕಿಲೋಮೀಟರ್. ಮೇಲಿನಿಂದ ನೋಡಿದರೆ ಹೃದಯದ ಆಕಾರ ಎಂದು ಪೋಸ್ಟರುಗಳಲ್ಲಿ ಬರೆದಿರುತ್ತದೆ. ಬೋಟಿನಲ್ಲಿ ಹೋಗುವವರಿಗೆ ಮೇಲಿನಿಂದ ನೋಡುವ ಯೋಗ ಇಲ್ಲ. ಪಕ್ಕದಿಂದ ನೋಡಿದರೆ ಅದು ಗುಡ್ಡ. ಪ್ರವಾಸಿಗಳು ದ್ವೀಪಕ್ಕೆ ಇಳಿಯುವ ಹಾಗೂ ಇಲ್ಲ. ನೌಕಾಪಡೆ ಇದೇ ಗುಡ್ಡವನ್ನು ಗುರಿಯಾಗಿಟ್ಟುಕೊಂಡು ಗುಂಡು ಹಾರಿಸಿ ಅಭ್ಯಾಸ ಮಾಡಿದ್ದುಂಟು. ಭಕ್ತರು ಹರಕೆಗೆ ಬಿಟ್ಟ ಆಡುಗಳು ಅದೇ ಗುಡ್ಡದ ಮೇಲೆ ಮೇಯುತ್ತವೆ. ದೇವರು, ಆಡು, ಫಿರಂಗಿ ಈ ಮೂವರೂ ಮೆಟ್ಟಿದ ನೆಲವನ್ನು ಟಿಕೆಟ್ ಕೊಂಡವನು ಮಾತ್ರ ಮೆಟ್ಟುವಂತಿಲ್ಲ. ಅವನದೇನಿದ್ದರೂ ನೀರು.

ನೀರಿಗೆ ಮೊದಲು ಕಾಗದ. ಆಸ್ತಮಾ ಇದೆಯೇ, ಹೃದಯದ ತೊಂದರೆ ಇದೆಯೇ, ಬಿಪಿ, ಮೂರ್ಛೆರೋಗ, ಇತ್ತೀಚೆಗೆ ಆಪರೇಷನ್ ಆಗಿದೆಯೇ ಅಂತ ಉದ್ದದ ಪಟ್ಟಿ. ಎಲ್ಲದರ ಮುಂದೆ ‘ಇಲ್ಲ’ ಅಂತ ಗೀಟು ಎಳೆದು, ಏನಾದರೂ ಆದರೆ ನಾನೇ ಹೊಣೆ ಅನ್ನುವ ಕೊನೆಯ ಸಾಲನ್ನು ಓದದೆ ಸಹಿ ಹಾಕಿ, ಪೆನ್ನು ಪಕ್ಕದವರಿಗೆ ಕೊಟ್ಟು, ಆ ಮೇಲೆ ಜೇಬಿನಿಂದ ಬಿಪಿ ಮಾತ್ರೆ ತೆಗೆದು ನುಂಗುವುದು ಪದ್ಧತಿ. ‘ಈಜು ಬರುತ್ತದೆಯೇ’ ಅನ್ನುವ ಪ್ರಶ್ನೆಗೆ ಉತ್ತರ ಏನಿದ್ದರೂ ನಡೆಯುತ್ತದೆ. “ಈಜು ಬರಬೇಕು ಅಂತಿಲ್ಲ ಸಾರ್, ನಾವಿದ್ದೇವಲ್ಲ” ಅನ್ನುವುದು ಈ ಉದ್ಯಮದ ಗಾಯತ್ರಿ ಮಂತ್ರ.

ಬೆಳಗ್ಗೆ ಏಳೂವರೆಗೆ ವರದಿ ಮಾಡಿಕೊಳ್ಳಲು ಹೇಳಿರುತ್ತಾರೆ. ಇದರ ಹಿಂದೆ ಗಟ್ಟಿಯಾದ ಕಾರಣವೂ ಇದೆ. ಮಳೆಗಾಲ ಮುಗಿದ ಮೇಲೆ ನಮ್ಮ ಕರಾವಳಿಯಲ್ಲಿ ಬೆಳಗಿನ ಸಮುದ್ರ ಶಾಂತ. ಬಿಸಿಲೇರಿ ನೆಲ ಕಾದಂತೆ ಸಮುದ್ರದ ಕಡೆಯಿಂದ ಗಾಳಿ ಎದ್ದು, ಮಧ್ಯಾಹ್ನದ ಹೊತ್ತಿಗೆ ನೀರು ಒಡೆಯಲು ಶುರು. ಬೇಗ ಹೋಗಿ ಬೇಗ ಬಂದರೆ ಹೋಗುವಾಗಲೂ ಸುಖ, ಬರುವಾಗಲೂ ಸುಖ. ಇದನ್ನು ಎಲ್ಲರೂ ಒಪ್ಪುತ್ತಾರೆ. ಒಪ್ಪಿದ ಮೇಲೆ, ಹೋಟೆಲಿನಲ್ಲಿ ಮಸಾಲೆ ದೋಸೆಗೆ ಕಾದು ಕೂತಿರುವ ಹನ್ನೊಂದು ಮಂದಿಯ ತಂಡಕ್ಕಾಗಿ ಇಡೀ ಬೋಟು ಒಂಬತ್ತೂಕಾಲರವರೆಗೆ ಕಾಯುತ್ತದೆ. ಆಗ ಹೊರಟ ಬೋಟು ಗಂಟೆಗೆ ಹದಿನಾಲ್ಕು ಕಿಲೋಮೀಟರಿನಂತೆ ಹೋದರೂ ಗುಡ್ಡ ಮುಟ್ಟುವಾಗ ಹತ್ತೂವರೆ ದಾಟಿರುತ್ತದೆ. ಗಾಳಿಯೂ ಅದೇ ಹೊತ್ತಿಗೆ ಬರುತ್ತದೆ. ಅದೊಂದೇ ಸಮಯಪಾಲನೆಯ ಪ್ರಾಣಿ.

ಆ ಮಸಾಲೆ ದೋಸೆಯ ಭವಿಷ್ಯ ಹೇಳಲು ಜ್ಯೋತಿಷಿ ಬೇಡ. ಕಿವಿಯೊಳಗಿನ ಸಮತೋಲದ ಅಂಗ ‘ಅಲ್ಲಾಡುತ್ತಿದ್ದೇವೆ’ ಅನ್ನುತ್ತದೆ. ಮೊಬೈಲ್ ನೋಡುತ್ತಿರುವ ಕಣ್ಣು ‘ಇಲ್ಲ, ಸುಮ್ಮನೆ ಕೂತಿದ್ದೇವೆ’ ಅನ್ನುತ್ತದೆ. ಇಬ್ಬರ ಜಗಳದಲ್ಲಿ ಹೊಟ್ಟೆ ಬಡವಾಗುತ್ತದೆ. ಬೋಟಿನ ನಡುಭಾಗದಲ್ಲಿ, ತಗ್ಗಿನಲ್ಲಿ, ಹೊಗೆ ಬಡಿಯದ ಕಡೆ ಕೂತು ದೂರದ ದಿಗಂತ ನೋಡಿದರೆ ಅರ್ಧ ಸಂಕಟ ತಪ್ಪೀತು. ಆದರೆ ಫೋಟೋ ಚೆನ್ನಾಗಿ ಬರುವುದು ಬೋಟಿನ ಮೂತಿಯ ತುದಿಯಲ್ಲಿ. ಅತಿ ಹೆಚ್ಚು ಕುಣಿಯುವುದೂ ಅದೇ. ವಾಂತಿಯ ಮಾತ್ರೆಯನ್ನು ಹೊರಡುವುದಕ್ಕೆ ಒಂದು ಗಂಟೆಯಾದರೂ ಮೊದಲು ನುಂಗಬೇಕು. ನಮ್ಮಲ್ಲಿ ಅದನ್ನು ನುಂಗುವುದು ಮೊದಲ ವಾಂತಿಯ ನಂತರ. ಎರಡನೆಯದರ ಜೊತೆ ಮಾತ್ರೆ ಹಾಗೇ ವಾಪಸ್ ಬರುತ್ತದೆ.

ಇನ್ನೊಂದು ಗುಟ್ಟು. ಓಡುವ ಬೋಟಿಗಿಂತ ಲಂಗರು ಹಾಕಿ ನಿಂತ ಬೋಟು ಹೆಚ್ಚು ತೊನೆಯುತ್ತದೆ. “ತಲುಪಿಬಿಟ್ಟೆವು, ಇನ್ನು ಪರವಾಗಿಲ್ಲ” ಅಂದವರೇ ಐದು ನಿಮಿಷಕ್ಕೆ ಬದಿಗೆ ಓಡುತ್ತಾರೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡದೆ ಓಡುತ್ತಾರೆ. ಗಾಳಿಗೆ ಎದುರಾಗಿ ಬಾಗಿದವರ ಮಸಾಲೆ ದೋಸೆ ಹಿಂದಿನ ಸಾಲಿನವರಿಗೂ ಸಲ್ಲುತ್ತದೆ. ಬಿದ್ದ ಕಡೆ ಮೀನುಗಳು ಮುಕುರಿಕೊಂಡು ಬರುತ್ತವೆ. ‘ಮೀನು ನೋಡುವುದು ಗ್ಯಾರಂಟಿ’ ಅಂತ ಜಾಹೀರಾತಿನಲ್ಲಿ ಬರೆದಿದ್ದರಲ್ಲ, ಆ ಮಾತು ಹೀಗೆ ಉಳಿಯುತ್ತದೆ.

ಈಗ ಸಲಕರಣೆ. ಮುಖವಾಡ, ಕೊಳವೆ, ಲೈಫ್ ಜಾಕೆಟ್, ಇದ್ದರೆ ಕಾಲಿಗೆ ಫಿನ್ ಅನ್ನುವ ಮೀನಿನ ರೆಕ್ಕೆಯಂಥ ಪಾದರಕ್ಷೆ. ಒಂದು ನೀಲಿ ಬಕೆಟ್ಟಿನಲ್ಲಿ ಮುಖವಾಡಗಳೆಲ್ಲ ಸಂತೆಯ ಬದನೆಕಾಯಿಯಂತೆ ಬಿದ್ದಿರುತ್ತವೆ. ಕೈಗೆ ಸಿಕ್ಕಿದ್ದು ನಿಮ್ಮದು. ಪಟ್ಟಿ ಹಾಕಿಕೊಳ್ಳದೆ ಬರೀ ಮುಖಕ್ಕೆ ಒತ್ತಿ ಮೂಗಿನಲ್ಲಿ ಸ್ವಲ್ಪ ಉಸಿರೆಳೆದು, ಕೈ ಬಿಟ್ಟಾಗಲೂ ಅಂಟಿಕೊಂಡೇ ನಿಂತರೆ ಅದು ನಿಮ್ಮ ಮುಖದ ಅಳತೆ. ಬಿದ್ದರೆ ಬೇರೆಯದು ನೋಡಬೇಕು. ಚಪ್ಪಲಿ ಅಂಗಡಿಯಲ್ಲಿ ಹದಿನಾಲ್ಕು ಜೋಡಿ ಕೆಳಗಿಳಿಸುವ ನಮ್ಮವರು ಇಲ್ಲಿ ಮಾತ್ರ ಬಣ್ಣ ನೋಡಿ ಸುಮ್ಮನಾಗುತ್ತಾರೆ.

ಸಿಲಿಕೋನ್ ಅಂಚಿನಡಿ ಒಂದು ಎಳೆ ಕೂದಲು ಸಿಕ್ಕಿಕೊಂಡರೂ ಆ ದಾರಿಯಲ್ಲಿ ನೀರು ಒಳಗೆ ಬರುತ್ತದೆ. ಗಂಡಸರ ವಿಷಯದಲ್ಲಿ ಆ ಎಳೆಗಳ ಹೆಸರು ಮೀಸೆ. ಮೂಗಿನ ಕೆಳಗೆ, ಮೀಸೆಯ ಮೇಲಂಚಿನಲ್ಲಿ, ಒಂದು ಸಣ್ಣ ಗೆರೆಯಷ್ಟು ಬೋಳಿಸಿದರೆ ಅಂಚು ಚರ್ಮಕ್ಕೆ ಕೂರುತ್ತದೆ. ಆದರೆ ಪೊದೆ ಮೀಸೆ ಬಿಟ್ಟು ಬಂದ ವೀರ ಒಂದು ಗೆರೆಯಷ್ಟು ಮಾನವನ್ನು ಅರಬ್ಬೀ ಸಮುದ್ರಕ್ಕೆ ಬಿಟ್ಟುಕೊಡಲು ಒಪ್ಪುವುದಿಲ್ಲ. ನೀರು ಬರುತ್ತದೆ. ಅವನು ಪಟ್ಟಿ ಬಿಗಿಯುತ್ತಾನೆ. ಬಿಗಿದಷ್ಟೂ ಅಂಚು ಸೊಟ್ಟಗಾಗಿ ಇನ್ನಷ್ಟು ನೀರು. ಇನ್ನಷ್ಟು ಬಿಗಿಯುತ್ತಾನೆ. ಕೊನೆಗೆ ಹಣೆಯ ಮೇಲೆ ಮೂರು ದಿನ ಉಳಿಯುವ ಕೆಂಪು ಬಳೆ ಮೂಡುತ್ತದೆ, ನೀರು ಮೊದಲಿನಷ್ಟೇ ಇರುತ್ತದೆ.

ಗಾಜು ಮಂಜಾಗದಿರಲು ಒಳಗಡೆ ಉಗುಳಿ, ಬೆರಳಿನಿಂದ ಉಜ್ಜಿ, ಸಮುದ್ರದ ನೀರಲ್ಲಿ ಒಮ್ಮೆ ಅದ್ದಬೇಕು. ಕಂಡಕಂಡಲ್ಲಿ ಉಗುಳುವುದರಲ್ಲಿ ಜಗತ್ತೇ ಬೆರಗಾಗುವ ತಾಲೀಮು ಇರುವ ನಾಡಿನಲ್ಲಿ, ಉಗುಳಲೇಬೇಕಾದ ಈ ಒಂದು ಜಾಗದಲ್ಲಿ ಎಲ್ಲರಿಗೂ ಎಲ್ಲಿಲ್ಲದ ಸಂಕೋಚ. “ಛೀ” ಅಂದು ಟವೆಲಿನಲ್ಲಿ ಒರೆಸುತ್ತಾರೆ. ಎರಡು ನಿಮಿಷಕ್ಕೆ ಕಣ್ಣ ಮುಂದೆ ಆಗುಂಬೆಯ ಮಂಜು.

ಕೊಳವೆಯ ಕಥೆ ಇನ್ನೂ ಸರಳ. ಬಾಯಲ್ಲಿ ಉಸಿರಾಡಬೇಕು, ಅಷ್ಟೇ. ನೀರು ಹೊಕ್ಕರೆ ‘ಫೂ’ ಅಂತ ಒಂದೇ ಸಲ ಜೋರಾಗಿ ಊದಬೇಕು. ಮುಖವಾಡದೊಳಗೆ ನೀರು ಬಂದರೆ ತಲೆ ಸ್ವಲ್ಪ ಮೇಲೆತ್ತಿ, ಮೇಲಿನ ಅಂಚನ್ನು ಒತ್ತಿಹಿಡಿದು ಮೂಗಿನಿಂದ ಉಸಿರು ಬಿಡಬೇಕು. ನೀರು ಕೆಳಗಿನಿಂದ ಹೊರಹೋಗುತ್ತದೆ. ಇಷ್ಟನ್ನು ಸೊಂಟದ ಮಟ್ಟದ ನೀರಿನಲ್ಲಿ ಕಾಲೂರಿ ನಿಂತು ಅಭ್ಯಾಸ ಮಾಡಿದರೆ ಹದಿನೈದು ನಿಮಿಷದ ವಿದ್ಯೆ. ಪ್ಯಾಕೇಜಿನಲ್ಲಿ ಬಾಳೆಹಣ್ಣಿದೆ, ಕೋಲ್ಡ್ ಡ್ರಿಂಕ್ಸ್ ಇದೆ, ಡಿಜೆ ಹಾಡು ಇದೆ, ವಿಡಿಯೋ ಇದೆ, ಸರ್ಟಿಫಿಕೇಟೂ ಇದೆ. ಆ ಹದಿನೈದು ನಿಮಿಷ ಮಾತ್ರ ಇಲ್ಲ. ನೇತ್ರಾಣಿಯಲ್ಲಿ ಕಾಲಿಗೆ ನೆಲ ಸಿಗುವ ಜಾಗವೂ ಇಲ್ಲ. ಬೋಟಿನಿಂದ ಇಳಿದರೆ ಕೆಳಗೆ ನಾಲ್ಕಾರು ಆಳೆತ್ತರದ ನೀರು. ಜೀವಮಾನವಿಡೀ ಮೂಗಿನಲ್ಲಿ ಉಸಿರಾಡಿಕೊಂಡು ಬಂದವನಿಗೆ ಅಲ್ಲಿ, ಅಲೆಯ ಮೇಲೆ, ಮೇಲಿನಿಂದ ಕೂಗಿ ಪಾಠ: “ಸಾರ್, ಬಾಯಲ್ಲಿ! ಬಾಯಲ್ಲಿ ಸಾರ್!” ಆತ ಮಾತು ಕೇಳಿ ಬಾಯಿ ತೆರೆಯುತ್ತಾನೆ, ಕೊಳವೆ ಬೀಳುತ್ತದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುತ್ತಾರಲ್ಲ, ಇಲ್ಲಿ ಎರಡೂ ಒಂದೇ ಗುಟುಕಿಗೆ.

ಇದರ ಮೇಲೆ ಲೈಫ್ ಜಾಕೆಟ್. ಬೋಟಿನಲ್ಲಿ ಕೊಡುವ ಆ ದಪ್ಪ ಕಿತ್ತಳೆ ಜಾಕೆಟ್ಟಿನ ಎದೆಯಲ್ಲಿ ಸ್ಪಂಜು ಹೆಚ್ಚು. ಪ್ರಜ್ಞೆ ತಪ್ಪಿದವನ ಮುಖ ಕೂಡ ನೀರಿನಿಂದ ಮೇಲೆ ಉಳಿಯಲಿ ಅನ್ನುವುದು ಅದರ ಉದ್ದೇಶ. ಸ್ನಾರ್ಕೆಲಿಂಗ್ ಅಂದರೆ ಮುಖ ಕೆಳಗೆ ಮಾಡಿ ಮಲಗುವುದು. ಜಾಕೆಟ್ಟು ಮುಖ ಮೇಲೆತ್ತುತ್ತದೆ, ಕೊಳವೆ ಕೆಳಗಿಳಿಸು ಅನ್ನುತ್ತದೆ. ಇಬ್ಬರ ಮಾತನ್ನೂ ಕೇಳಿದ ಮನುಷ್ಯ ಕೊನೆಗೆ ದೇವಸ್ಥಾನದ ಗಂಟೆಯ ಹಾಗೆ ನೆಟ್ಟಗೆ ನೇತಾಡುತ್ತಾನೆ. ಸೊಂಟದ ಬಕಲ್ ಮುರಿದಿದ್ದರೆ ಜಾಕೆಟ್ ಮೇಲೇರಿ ಕಿವಿ ಮುಚ್ಚುತ್ತದೆ. ಆಮೇಲೆ “ಬಾಯಲ್ಲಿ ಸಾರ್” ಕೂಡ ಕೇಳಿಸುವುದಿಲ್ಲ. ಈ ಕೆಲಸಕ್ಕೆಂದೇ ಬಾಯಿಂದ ಊದಿ ಬೇಕಾದಷ್ಟೇ ಗಾಳಿ ತುಂಬಿಸುವ ತೆಳ್ಳನೆಯ ವೆಸ್ಟ್ ಸಿಗುತ್ತದೆ. ಅದು ಪ್ಯಾಕೇಜಿಗೆ ಸೇರಿಲ್ಲ. ಜಾಕೆಟ್ಟನ್ನೇ ಕಳಚಿಬಿಡೋಣ ಅನ್ನುವ ಶೂರರಿಗೆ ಒಂದು ಮಾತು: ಈಜು ಬಾರದಿದ್ದರೆ ಗಂಟೆಯಾಗಿ ನೇತಾಡಿ, ಅಡ್ಡಿಯಿಲ್ಲ.

ಗೋವಾದ ಗ್ರಾಂಡೆ ದ್ವೀಪದ ಟ್ರಿಪ್ಪಿನಲ್ಲಿ ಈ ಕಷ್ಟ ಕಡಿಮೆ, ಯಾಕೆಂದರೆ ಅಲ್ಲಿ ಸ್ನಾರ್ಕೆಲಿಂಗ್ ಎಲೆತುದಿಯ ಉಪ್ಪು ಮಾತ್ರ. ಡಾಲ್ಫಿನ್ ಹುಡುಕುವುದು, ಗಾಳ ಹಾಕುವುದು, ಬಿಯರ್, ಊಟ, ಕುಣಿತ. ಒಂದೇ ಬೋಟಿನಿಂದ ಮೀನು ಹಿಡಿದು, ಅದೇ ಬೋಟಿನಿಂದ ಇಳಿದು ಅದರ ನೆಂಟರನ್ನು ಮಾತನಾಡಿಸುವ ಧೈರ್ಯ ಬೇರೆಲ್ಲೂ ಕಾಣದು. ಮಾಂಡವಿ, ಜುವಾರಿ ನದಿಗಳ ಬಾಯಿ ಹತ್ತಿರವೇ ಇರುವುದರಿಂದ ನೀರು ಅನೇಕ ದಿನ ಕದಡಿರುತ್ತದೆ. ನೆಂಟರಿಗೂ ಅದೇ ಅನುಕೂಲ.

ಮರಳಿ ನೇತ್ರಾಣಿಗೆ. ನೀರು ತಿಳಿಯಾಗಿದ್ದ ದಿನ ಕೆಳಗೆ ನಿಜವಾಗಿಯೂ ಒಂದು ಲೋಕ ಇದೆ: ಹವಳವನ್ನು ಕರಕರ ಕೆರೆಯುವ ಗಿಣಿಮೀನು, ಜೋಡಿಯಾಗಿ ತಿರುಗುವ ಚಿಟ್ಟೆಮೀನು, ಅದೃಷ್ಟವಿದ್ದರೆ ಕಡಲಾಮೆ. ನೀರಿನಲ್ಲಿ ಗಾಜಿನ ಮೂಲಕ ಎಲ್ಲವೂ ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತವೆ. ದಡಕ್ಕೆ ಬಂದ ಮೇಲೆ ಕಥೆ ಹೇಳುವಾಗ ಮೀನು ಇನ್ನೂ ಬೆಳೆಯುತ್ತದೆ, ಅದಕ್ಕೆ ಬೆಳಕಿನ ವಕ್ರೀಭವನ ಕಾರಣ ಅಲ್ಲ. ಬಿಸ್ಕತ್ತು ಎಸೆದರೆ ಮೀನು ಹತ್ತಿರ ಬರುತ್ತವೆ, ನಿಜ. ಆದರೆ ಹವಳದ ಮೇಲಿನ ಪಾಚಿ ತಿಂದು ಚೊಕ್ಕ ಮಾಡಬೇಕಾದ ಮೀನು ಬಿಸ್ಕತ್ತಿಗೆ ಬಾಯಿ ಬಿಟ್ಟುಕೊಂಡು ಕೂತರೆ ಪಾಚಿ ಹವಳವನ್ನು ಮುಚ್ಚುತ್ತದೆ. ಗುಂಡು ಬಂಡೆಯಂಥ ಹವಳ ವರ್ಷಕ್ಕೆ ಒಂದು ಸೆಂಟಿಮೀಟರ್ ಆಸುಪಾಸು ಬೆಳೆಯುತ್ತದೆ. ಅದರ ಮೇಲೆ ಫಿನ್ ಊರಿ ನಿಂತು “ಅಬ್ಬಾ, ಕಾಲಿಗೆ ಕಲ್ಲು ಸಿಕ್ಕಿತು” ಅಂದವನು ನಿಂತಿರುವುದು ತನ್ನ ಮುತ್ತಜ್ಜನ ಕಾಲದ ಜೀವಿಗಳ ಮೇಲೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ ಹುಲಿಯ ಜೊತೆ ಹವಳವೂ ಇದೆ. ಹುಲಿಯ ಬೆನ್ನ ಮೇಲೆ ನಿಂತು ಸೆಲ್ಫಿಗೆ ಕರೆದರೆ ಯಾರೂ ಬರಲಿಕ್ಕಿಲ್ಲ. ಸಮುದ್ರ ಬಿಸಿಯಾದ ವರ್ಷ ಹವಳ ಬಣ್ಣ ಕಳೆದುಕೊಂಡು ಬಿಳಿಚಿಕೊಳ್ಳುತ್ತದೆ, ಸಾವಿನ ಅಂಚಿಗೆ ಬಂದಿರುತ್ತದೆ. ಮೇಲಿನವರು “ಬೆಳ್ಳಗೆ ಎಷ್ಟು ಚೆನ್ನಾಗಿದೆ ನೋಡೇ” ಅನ್ನುತ್ತಾರೆ.

ಆದರೆ ನೋಡುವುದಕ್ಕೆ ಪುರುಸೊತ್ತೆಲ್ಲಿ? ಕ್ಯಾಮೆರಾ ಬಂತು. ಒಬ್ಬೊಬ್ಬರ ಸರದಿ. ಸಹಾಯಕ ಜಾಕೆಟ್ಟಿನ ಕೊರಳಪಟ್ಟಿ ಹಿಡಿದು ಬೆಕ್ಕಿನ ಮರಿಯಂತೆ ತಿರುಗಿಸುತ್ತಾನೆ. ಗಿರಾಕಿ ಖುಷಿಯಿಂದ ಹೆಬ್ಬೆರಳೆತ್ತಿ ‘ಸೂಪರ್’ ಅನ್ನುತ್ತಾನೆ. ಡೈವಿಂಗ್ ಮಾಡುವವರ ಸನ್ನೆಯಲ್ಲಿ ಹೆಬ್ಬೆರಳೆತ್ತಿದರೆ ‘ಮೇಲೆ ಹೋಗೋಣ’ ಅಂತ ಅರ್ಥ. ‘ಸರಿಯಾಗಿದ್ದೇನೆ’ ಅನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು. ಸಹಾಯಕ ಸನ್ನೆಯನ್ನು ಗೌರವಿಸಿ ಗಿರಾಕಿಯನ್ನು ಬೋಟಿಗೆ ಹತ್ತಿಸುತ್ತಾನೆ. ಹಿಂದೆ ಇಪ್ಪತ್ತು ಮಂದಿ ಕಾಯುತ್ತಿದ್ದಾರೆ. ಆರು ಗಂಟೆಯ ಪ್ರವಾಸದಲ್ಲಿ ನೀರಿನಲ್ಲಿ ಇಪ್ಪತ್ತು ನಿಮಿಷ. ಅದರಲ್ಲಿ ಮುಖವಾಡ ಸರಿಮಾಡಲು ಎಂಟು, ಕೆಮ್ಮಲು ಐದು, ಪೋಸಿಗೆ ನಾಲ್ಕು. ಉಳಿದ ಮೂರು ನಿಮಿಷ ಗಾಜು ಮಂಜು.

ಮೀನು ನೋಡಿಲ್ಲ ಅಂತ ಕೊರಗಬೇಕಿಲ್ಲ, ವಿಡಿಯೋದಲ್ಲಿ ಬರುತ್ತದೆ. ನೀರು ಕೆಂಪು ಬಣ್ಣವನ್ನು ಮೊದಲು ನುಂಗುವುದರಿಂದ ಐದಾರು ಮೀಟರ್ ಕೆಳಗೆ ಎಲ್ಲವೂ ಹಸಿರು-ನೀಲಿ. ಎಡಿಟಿಂಗಿನಲ್ಲಿ ಅರಿಶಿನ ಕುಂಕುಮ ಎಲ್ಲ ಹಚ್ಚಿ, ಹಾಡು ಸೇರಿಸಿ ವಾಟ್ಸಾಪಿಗೆ ಕಳಿಸುತ್ತಾರೆ. ಎರಡು ಕುಟುಂಬಗಳು ಪಕ್ಕ ಪಕ್ಕ ಇಟ್ಟು ನೋಡಿದರೆ ಎರಡರಲ್ಲೂ ಅದೇ ಆಮೆ ಅದೇ ಎಡಗಡೆಯಿಂದ ಅದೇ ಗತ್ತಿನಲ್ಲಿ ಬರುತ್ತದೆ. ಅಷ್ಟು ಶಿಸ್ತಿನ ನೌಕರ ಸರ್ಕಾರದಲ್ಲೂ ಸಿಗುವುದಿಲ್ಲ.

ಹಿಂತಿರುಗುವಾಗ ಗಾಳಿ ಎದ್ದಿರುತ್ತದೆ, ಡಿಜೆ ನಿಂತಿರುತ್ತದೆ. 123 ಅಡಿಯ ಶಿವ ದೂರದಲ್ಲಿ ಬೆರಳಷ್ಟಾಗಿ ಕಾಣತೊಡಗುವ ಹೊತ್ತಿಗೆ ಬೋಟಿನಲ್ಲಿ ಯಾರಿಗೂ ಎಚ್ಚರವಿರುವುದಿಲ್ಲ. ತಡವಾಗಿ ನುಂಗಿದ ಮಾತ್ರೆ ಈಗ ಕೆಲಸ ಶುರುಮಾಡಿದೆ, ಅದಕ್ಕೆ ನಿದ್ದೆ ತರಿಸುವ ಗುಣವೂ ಇದೆ. ಕೆಲವರು ಒದ್ದೆ ಜಾಕೆಟ್ಟಿನ ಮೇಲೆ ಕವುಚಿ ಮಲಗಿದ್ದಾರೆ. ಮುಖ ಕೆಳಗೆ, ಮೈ ಸಡಿಲ, ಕೈಕಾಲು ಚಾಚಿ, ಉಪ್ಪುನೀರಿನಿಂದ ಮೂಗು ಪೂರ್ತಿ ಕಟ್ಟಿದ್ದರಿಂದ ಮೂವತ್ತೂ ಮಂದಿ ಬಾಯಲ್ಲೇ ಉಸಿರಾಡುತ್ತಿದ್ದಾರೆ, ನಿಧಾನವಾಗಿ, ಆಳವಾಗಿ, ಒಂದೇ ತಾಳಕ್ಕೆ. ಸಹಾಯಕ ಮುಖವಾಡಗಳನ್ನು ಎಣಿಸಿ ನೀಲಿ ಬಕೆಟ್ಟಿಗೆ ಹಾಕುತ್ತಾನೆ.