ಏಳನೇ ದಿನದ ಉಂಗುರ

ಪಾರಿವಾಳದ ಮರಿಗೆ ಉಂಗುರ ಹಾಕಲು ಸಿಗುವುದು ಎರಡು ಮೂರು ದಿನ ಅಷ್ಟೇ. ಹುಟ್ಟಿದ ಸುಮಾರು ಏಳನೇ ದಿನ. ಮುಂಚೆ ಹಾಕಿದರೆ ಜಾರಿ ಬೀಳುತ್ತದೆ, ತಡ ಮಾಡಿದರೆ ಪಾದ ದಪ್ಪಗಾಗಿ ಒಳಗೆ ಹೋಗುವುದೇ ಇಲ್ಲ. ಮುಂದಿನ ಮೂರು ಬೆರಳು ಒಟ್ಟಿಗೆ ಹಿಡಿದು ತೂರಿಸಿ, ಹಿಂದಿನ ಬೆರಳನ್ನು ಮೆಲ್ಲಗೆ ಎಳೆದು ಬಿಡಿಸಿದರೆ ಮುಗಿಯಿತು. ಆಮೇಲೆ ಸಾಯುವವರೆಗೂ ಅದೇ ನಂಬರ್.

ಆ ಹೊತ್ತಿಗೇ ನಾನು ನೋಟ್‌ಬುಕ್ ತೆಗೆದು ಮರಿಯ ಬಗ್ಗೆ ಒಂದೇ ಒಂದು ಪದ ಬರೆದಿಡುತ್ತೇನೆ. 'ಭರ್ಜರಿ', 'ನೋಡೋಣ', 'ಸಾಧಾರಣ', ಹೀಗೆ. ಹಳೆಯ ಪುಟಗಳನ್ನು ತಿರುಗಿಸಿದರೆ ಈಗ ನಗು ಬರುತ್ತದೆ. ಅಷ್ಟು ತಪ್ಪಿದ್ದೇನೆ.

"ಗೆಲ್ಲುವ ಹಕ್ಕಿ ಬೇಕಿದ್ದರೆ ಒಂದು ಕೊಂಡು ತಂದರಾಯಿತು, ಈ ಮೊಟ್ಟೆ ಮರಿ ರಗಳೆ ಯಾಕೆ?" ಎಂದು ಕೇಳುವವರಿದ್ದಾರೆ. ಪಾರಿವಾಳದ ರೇಸಿನ ಈ ಹವ್ಯಾಸದ ಗುಟ್ಟು ಇರುವುದೇ ಅಲ್ಲಿ. ಎಲ್ಲೇ ಬಿಟ್ಟರೂ ತನ್ನ ಗೂಡಿಗೇ ಮರಳುವ ರೇಸಿನ ತಳಿ ರೇಸಿಂಗ್ ಹೋಮರ್. ಬೆಳೆದ ಅಂಥದೊಂದನ್ನು ಕೊಂಡು ತನ್ನಿ. ತಿಂಗಳುಗಟ್ಟಲೆ ಕಾಳು ಹಾಕಿ. ಆಮೇಲೆ ನಂಬಿ ಬಾಗಿಲು ತೆಗೆಯಿರಿ. ಆಕಾಶದಲ್ಲಿ ಎರಡು ಸುತ್ತು ಹೊಡೆದು ಹಳೆಯ ಯಜಮಾನನ ಗೂಡಿನ ದಾರಿ ಹಿಡಿದರೆ ಆಶ್ಚರ್ಯಪಡಬೇಡಿ. ಯಾವ ಗುಣಕ್ಕಾಗಿ ದುಡ್ಡು ಕೊಟ್ಟಿರೋ ಅದೇ ಗುಣ ನಿಮಗೆ ಕೈ ಕೊಡುತ್ತದೆ. ಅದಕ್ಕೇ ಕೊಂಡು ತಂದ ಹಕ್ಕಿ ಸಾಮಾನ್ಯವಾಗಿ ಜಾಲರಿಯ ಒಳಗೇ ಉಳಿಯುತ್ತದೆ. ನಿಮ್ಮ ಸೂರನ್ನು ಮನೆ ಅಂದುಕೊಳ್ಳುವುದು ಅದರ ಮರಿ. ಇನ್ನೂ ಹೊರಗೆ ಹಾರದ ಒಂದು ತಿಂಗಳ ಮರಿಯನ್ನು ತಂದರೂ ನಡೆಯುತ್ತದೆ, ಆದರೆ ಅದನ್ನೂ ಯಾರೋ ಜೋಡಿ ಕಟ್ಟಿಯೇ ಪಡೆದಿರಬೇಕು ತಾನೇ?

2020ರ ನವೆಂಬರಿನಲ್ಲಿ ಬೆಲ್ಜಿಯಂನ 'ನ್ಯೂ ಕಿಮ್' ಎಂಬ ಎರಡು ವರ್ಷದ ಹೆಣ್ಣು ಪಾರಿವಾಳ 16 ಲಕ್ಷ ಯೂರೋಗೆ ಹರಾಜಾಯಿತು. ಅದರ ಹಿಂದಿನ ವರ್ಷ 'ಅರ್ಮಾಂಡೊ' ಎಂಬ ಗಂಡು ಹನ್ನೆರಡೂವರೆ ಲಕ್ಷ ಯೂರೋಗೆ ಹೋಗಿತ್ತು. ಇಷ್ಟು ಕೊಟ್ಟವರು ಅವನ್ನು ಆಕಾಶಕ್ಕೆ ಬಿಡುತ್ತಾರೆಯೇ? ಕೊಳ್ಳುವುದೇ ಮರಿ ಮಾಡಿಸಲು. ಈ ಬೆಲೆಗಳು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ, ಅದು ಬೇರೆ ಮಾತು. ಅಷ್ಟು ದುಡ್ಡು ಬಂದ ಕಡೆ ಹಕ್ಕಿ ಹಕ್ಕಿಯಾಗಿ ಉಳಿಯುವುದು ಕಷ್ಟ. ಆದರೂ ಲಕ್ಷ ಲಕ್ಷ ಕೊಟ್ಟವರು ಕೊನೆಗೆ ಮಾಡುವುದೇನು? ನನ್ನ ಹಾಗೆಯೇ ಮೊಟ್ಟೆ ಕಾಯುತ್ತಾ ಕೂರುವುದು!

ಮೊಟ್ಟೆ ಎರಡೇ. ಮೊದಲನೆಯದು ಇಟ್ಟು ಸುಮಾರು ಎರಡು ದಿನಕ್ಕೆ ಎರಡನೆಯದು. ಅದು ಬರುವ ತನಕ ತಾಯಿ ಗಟ್ಟಿಯಾಗಿ ಕಾವು ಕೊಡುವುದಿಲ್ಲ, ಮೊಟ್ಟೆಯ ಮೇಲೆ ಸುಮ್ನೆ ನಿಂತಿರುತ್ತದೆ. ಎರಡೂ ಮರಿ ಹೆಚ್ಚೂಕಡಿಮೆ ಒಟ್ಟಿಗೆ ಹೊರಬರಲಿ ಎಂದು ಈ ಏರ್ಪಾಡು. ಹದಿನೇಳು ಹದಿನೆಂಟು ದಿನದ ಕಾವಿನಲ್ಲಿ ಹಗಲಿನ ಪಾಳಿ ಹೆಚ್ಚಾಗಿ ಗಂಡಿನದು. ಮರಿ ಬಂದ ಮೇಲೆ ಮೊದಲ ಕೆಲವು ದಿನ ಕಾಳಿಲ್ಲ. ಅಪ್ಪ ಅಮ್ಮ ಇಬ್ಬರ ಗಂಟಲ ಚೀಲದಲ್ಲೂ ಗಿಣ್ಣಿನಂಥ ಒಂದು ಪದಾರ್ಥ ಹುಟ್ಟುತ್ತದೆ, ಅದೇ ಗುಟುಕು. ಅಪ್ಪನೂ ಹಾಲೂಡುವ ಜೀವ ಎಷ್ಟಿವೆ ಹೇಳಿ! ಎರಡೇ ದಿನದಲ್ಲಿ ಮರಿ ಕಣ್ಣಿಗೆ ಕಾಣುವಷ್ಟು ಹಿಗ್ಗಿರುತ್ತದೆ. ಬೆಳಿಗ್ಗೆ ನೋಡಿದ ಮರಿ ಸಂಜೆಗೆ ಬೇರೆಯೇ ಅನ್ನಿಸುತ್ತದೆ. ನಾನು ಗೂಡಿನ ಮುಂದೆ ಸಮಯ ಮರೆತು ಕೂರುವುದು ಈ ವಾರದಲ್ಲೇ. ರೇಸಿನ ದಿನವೂ ಇಷ್ಟು ಖುಷಿ ಇರುವುದಿಲ್ಲ.

ನನ್ನ ನೋಟ್‌ಬುಕ್‌ನಲ್ಲಿ ಒಂದು ಬೂದು ಹೆಣ್ಣಿನ ಕಥೆ ಇದೆ. ಸಣ್ಣ ಮೈ, ಪೆಚ್ಚು ಮುಖ. ಅದರ ಗೂಡಿನಲ್ಲೇ ಹುಟ್ಟಿದ ಅಣ್ಣ ನೋಡಲು ರಾಜ. ಅಣ್ಣನ ಮುಂದೆ 'ಭರ್ಜರಿ' ಎಂದೂ ಇದರ ಮುಂದೆ 'ಸಾಧಾರಣ' ಎಂದೂ ಬರೆದೆ. ಯಾರಿಗಾದರೂ ಕೊಟ್ಟುಬಿಡೋಣ ಎಂದುಕೊಂಡರೆ ತೆಗೆದುಕೊಳ್ಳುವವರೂ ಸಿಗಲಿಲ್ಲ. ಎದುರುಗಾಳಿಯಿದ್ದ ಒಂದು ದಿನ, ಮುನ್ನೂರು ಕಿಲೋಮೀಟರ್ ದೂರದಿಂದ ಬಿಟ್ಟ ನನ್ನ ಹಕ್ಕಿಗಳಲ್ಲಿ ಮೊದಲು ಬಂದದ್ದು ಈ ಪೆಚ್ಚುಮುಖ. ಬಂದು ಮಾಡಿದ್ದೇನು? ಸೂರಿನ ಮೇಲೆ ಕೂತು ಗರಿ ತೀಡಿತು. ನಾನು ಕೆಳಗೆ ಕಾಳಿನ ಡಬ್ಬ ಅಲ್ಲಾಡಿಸುತ್ತಾ ಗೋಗರೆಯುತ್ತಿದ್ದೇನೆ. ಹಕ್ಕಿ ಗೂಡಿನೊಳಗಿನ ಪ್ಯಾಡ್ ಮೇಲೆ ಕಾಲಿಟ್ಟು, ಆ ಪ್ಯಾಡ್ ಅದರ ಕಾಲಿನ ಚಿಪ್ ಓದಿದರೆ ಮಾತ್ರ ಸಮಯ ದಾಖಲಾಗುವುದು. ಒಬ್ಬೊಬ್ಬರ ಗೂಡು ಒಂದೊಂದು ದೂರದಲ್ಲಿ ಇರುವುದರಿಂದ ಯಾರು ಮೊದಲು ಬಂದರು ಎಂಬುದಲ್ಲ, ನಿಮಿಷಕ್ಕೆ ಎಷ್ಟು ಮೀಟರ್ ಹಾರಿತು ಎಂಬುದೇ ಲೆಕ್ಕ. ಆ ಗರಿ ತೀಡಿದ ನಿಮಿಷವೂ ಆ ಲೆಕ್ಕದಲ್ಲಿ ಸೇರಿತು. ಅಣ್ಣ ಮಾತ್ರ ಬರಲೇ ಇಲ್ಲ. ಇವತ್ತಿಗೂ ಬಂದಿಲ್ಲ.

ಸರಿ, ಇನ್ನು ಇದರ ಮರಿಗಳು ಚಿನ್ನ ಎಂದು ನನ್ನಲ್ಲಿದ್ದ ಅತ್ಯುತ್ತಮ ಗಂಡಿಗೆ ಜೋಡಿ ಮಾಡಿದೆ. ಮೊಟ್ಟೆಗಳನ್ನು ಬೇರೆ ಜೋಡಿಯ ಕೆಳಗಿಟ್ಟು, ಇದರಿಂದ ಮತ್ತೆ ಮತ್ತೆ ಮೊಟ್ಟೆ ಇಡಿಸಿದೆ. ಎರಡು ವರ್ಷದ ಮರಿಗಳಲ್ಲಿ ಒಂದೂ ಮೇಲೇಳಲಿಲ್ಲ. ಮೂರನೇ ವರ್ಷ ಗಂಡು ಹೆಣ್ಣುಗಳನ್ನು ಬೇರೆ ಇಡುವ ನಡುಬಾಗಿಲು ಹಾಕಲು ನಾನು ಮರೆತು, ಅದು ತಾನೇ ಒಂದು ಲೆಕ್ಕಕ್ಕಿಲ್ಲದ ಗಂಡನ್ನು ಆರಿಸಿಕೊಂಡಿತು. ಮೊಟ್ಟೆ ಎಸೆಯಲು ಮನಸ್ಸು ಬರದೆ ಬಿಟ್ಟೆ. ನನ್ನ ಗೂಡಿನ ಈಗಿನ ಒಳ್ಳೆಯ ಹಕ್ಕಿಗಳೆಲ್ಲ ಆ ಮರೆವಿನ ಮೊಮ್ಮಕ್ಕಳು.

ಯಾಕೆ ಹೀಗೆ? ಒಂದೇ ಗುಣ ಇದ್ದಿದ್ದರೆ ಹಿಡಿಯುವುದು ಸುಲಭವಿತ್ತು. ರೆಕ್ಕೆಯ ಸ್ನಾಯು ಬೇಕು, ಗರಿ ಬೇಕು, ಹಸಿದರೂ ಇಳಿಯದ ಹಟ ಬೇಕು, ಎಲ್ಲಕ್ಕಿಂತ ಜಾಸ್ತಿ ದಾರಿ ತಿಳಿಯಬೇಕು. ಅವು ಸೂರ್ಯನನ್ನು ದಿಕ್ಸೂಚಿಯಾಗಿ ಬಳಸುತ್ತವೆ. ಕೃತಕ ಬೆಳಕಿನಲ್ಲಿಟ್ಟು ಹಗಲು ರಾತ್ರಿಯ ಲೆಕ್ಕವನ್ನು ಆರು ಗಂಟೆ ಹಿಂದೆ ಮುಂದೆ ಮಾಡಿದರೆ, ಬಿಸಿಲಿನ ದಿನ ಸುಮಾರು 90 ಡಿಗ್ರಿ ತಪ್ಪು ದಿಕ್ಕಿಗೆ ಹೊರಡುತ್ತವೆ. ವಾಸನೆಯೂ ಮುಖ್ಯ ಎಂದು 1970ರ ದಶಕದಲ್ಲಿ ಇಟಲಿಯ ಪೀಸಾದಲ್ಲಿ ಪ್ರಯೋಗಗಳಾದವು. ಇದೆಲ್ಲ ಹಕ್ಕಿಯ ತಲೆಯೊಳಗಿನ ವ್ಯವಹಾರ. ಕಣ್ಣಿಗೆ ಭೂತಗನ್ನಡಿ ಹಿಡಿದು ಪಾಪೆಯ ಸುತ್ತಲಿನ ಬಣ್ಣ ನೋಡಿ 'ಇದು ಗೆಲ್ಲುತ್ತೆ' ಎನ್ನುವ ಪಂಡಿತರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ನನಗೆ ನಂಬಿಕೆಯಿಲ್ಲ. ಭೂತಗನ್ನಡಿ ಮಾತ್ರ ನನ್ನ ಹತ್ತಿರವೂ ಒಂದಿದೆ, ನಗಬೇಡಿ.

ಇದನ್ನು ಬರೀ ಚೆಂದ ಮಾಡಿ ಹೇಳಿದರೆ ತಪ್ಪಾಗುತ್ತದೆ. ಮೊದಲ ವರ್ಷದ ಮರಿಗಳು ಕಳೆದುಹೋಗುವುದು ತುಂಬಾ ಜಾಸ್ತಿ. ಗಿಡುಗ, ಕರೆಂಟ್ ತಂತಿ, ಇದ್ದಕ್ಕಿದ್ದಂತೆ ಕವಿಯುವ ಮೋಡ. ಸೋತ ಹಕ್ಕಿಯ ಕತ್ತು ಮುರಿಯುವವರೂ ಇದ್ದಾರೆ, ಅದಕ್ಕೆ 'ಆಯ್ಕೆ' ಎಂದು ನಯವಾದ ಹೆಸರು. ನಾನು ಆ ಕೆಲಸ ಮಾಡುವುದಿಲ್ಲ. ಹಾಗೆಂದು ನಾನು ಸಾಚಾ ಅಲ್ಲ. ಐದು ಕಿಲೋಮೀಟರ್, ಹತ್ತು, ಇಪ್ಪತ್ತು ಎಂದು ದೂರ ಹೆಚ್ಚಿಸುತ್ತಾ ಬುಟ್ಟಿಯ ಬಾಗಿಲು ತೆಗೆಯುವುದು ನನ್ನ ಕೈಯೇ ಅಲ್ವಾ? ಸಾಕಲಾಗದಷ್ಟು ಮರಿ ಮಾಡಿಸಬಾರದು ಎಂಬ ಒಂದು ನಿಯಮ ಹಾಕಿಕೊಂಡಿದ್ದೇನೆ. ಈಗ ವರ್ಷಕ್ಕೆ ಆರೇ ಜೋಡಿ. ಗೆಲ್ಲುವ ಆಸೆ ಇದ್ದವರಿಗೆ ಇದು ಸಾಲದು. ನನಗೆ ಸಾಕು.

ಇವತ್ತು ಬೆಳಿಗ್ಗೆ ಈ ಸಲದ ಕೊನೆಯ ಮರಿಗೆ ಉಂಗುರ ಹಾಕಿದೆ. ಕೈಯಲ್ಲಿ ಹಿಡಿದರೆ ಬಿಸಿ ಬಿಸಿ, ಹಳದಿ ನವಿರು, ಮುಖಕ್ಕಿಂತ ದೊಡ್ಡ ಕೊಕ್ಕು. ಅಜ್ಜಿಯದೇ ಪೆಚ್ಚು ಮುಖ. ತುಂಬಾ ಹೊತ್ತು ಯೋಚಿಸಿ 'ಸಾಧಾರಣ' ಎಂದು ಬರೆದಿದ್ದೇನೆ.